ಸಿನಿಮಾ ಹೇಗಿತ್ತು ಅಂತ ಕೇಳಿದರೆ, ಅಂಕ ಕೊನೆಗೆ ಹೇಳಿ

ನನ್ನ ಹತ್ತಿರ ಒಂದು ಉದ್ದನೆಯ ನೋಟ್‌ಬುಕ್ ಇದೆ. ನೋಡಿದ ಪ್ರತಿ ಸಿನಿಮಾಕ್ಕೂ ಅದರಲ್ಲಿ ಒಂದು ಸಾಲು: ಹೆಸರು, ನೋಡಿದ ದಿನ, ಹತ್ತಕ್ಕೆ ಎಷ್ಟು. ಮೂರು ವರ್ಷ ಹೀಗೇ ಬರೆದೆ. ಒಂದು ಭಾನುವಾರ ಬೇರೆ ಕೆಲಸ ಇಲ್ಲದೆ ಎಣಿಸುತ್ತ ಕೂತರೆ, ಆ ವರ್ಷ ನೋಡಿದ 46 ಸಿನಿಮಾಗಳಲ್ಲಿ 29ಕ್ಕೆ ಏಳು ಅಂಕ! ಅದರಲ್ಲಿ ಐದಾರರ ಹೆಸರು ಓದಿದರೂ ಕಥೆ ನೆನಪಾಗಲಿಲ್ಲ. ಇಷ್ಟವಾಗದೆ ಹೋದರೂ ಬೈಯಲು ಮನಸ್ಸು ಬಾರದಿದ್ದಾಗ ಏಳು, ಇಷ್ಟವಾದರೂ ಜೋರಾಗಿ ಹೇಳಲು ಧೈರ್ಯ ಸಾಲದಿದ್ದಾಗಲೂ ಏಳು. ಅಕ್ಕ ಆ ಪುಟ ನೋಡಿ, "ಇದು ರೇಟಿಂಗ್ ಅಲ್ಲ ಕಣೋ, ಹಾಜರಿ ಪುಸ್ತಕ" ಅಂದಳು.

ಅಲ್ಲಿಂದ ರೂಢಿ ಬದಲಾಯಿಸಿದೆ. ಈಗ ಮೊದಲು ಮಾತು, ಆಮೇಲೆ ಅಂಕ. ನೀವೂ ಹಾಗೇ ಮಾಡಿ ನೋಡಿ ಅನ್ನುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನೋಡಿದ ರಾತ್ರಿ ಮೂರು ಸಾಲು

ಸಿನಿಮಾ ಮುಗಿದ ತಕ್ಷಣ ಅಂಕ ಬೇಡ. ಬೇರೆಯವರು ಎಷ್ಟು ಕೊಟ್ಟಿದ್ದಾರೆ ಅಂತ ನೋಡುವುದಂತೂ ಬೇಡವೇ ಬೇಡ. 8.4 ಅಂತ ಒಮ್ಮೆ ಕಣ್ಣಿಗೆ ಬಿದ್ದರೆ ಮುಗಿಯಿತು, ಅದಾದ ಮೇಲೆ ನಿಮ್ಮ ಅಂಕ ಅದರ ಸುತ್ತಮುತ್ತಲೇ ಗಿರಕಿ ಹೊಡೆಯುತ್ತದೆ. ಮಲಗುವ ಮುಂಚೆ ಮೂರೇ ಸಾಲು ಬರೆಯಿರಿ: ಕಣ್ಣು ಮುಚ್ಚಿದರೆ ಬರುವ ದೃಶ್ಯ ಯಾವುದು, ಎಲ್ಲಿ ಮನಸ್ಸು ಸಿನಿಮಾ ಬಿಟ್ಟು ಆಚೆ ಹೋಯಿತು, ಮುಗಿದಾಗ ಹೇಗನ್ನಿಸಿತು. ಅಂಕ ಮರುದಿನ.

ಮರುದಿನ ಯಾಕೆ? ನಾವು ನೆನಪಿಟ್ಟುಕೊಳ್ಳುವುದು ಅನುಭವದ ತುತ್ತತುದಿಯನ್ನು ಮತ್ತು ಅದರ ಕೊನೆಯನ್ನು. ನಡುವಿನದೆಲ್ಲ ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ ಅಂತ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ತೋರಿಸಿಕೊಟ್ಟರು. ಸಿನಿಮಾ ಮಾಡುವವರಿಗೆ ಇದು ಅವರಿಗಿಂತ ಮುಂಚೆಯೇ ಗೊತ್ತಿತ್ತು ಅಂತ ನನ್ನ ಗುಮಾನಿ. ಒಂದೂಮುಕ್ಕಾಲು ಗಂಟೆ ಆಕಳಿಸಿದವನನ್ನು ಕೊನೆಯ ಹತ್ತು ನಿಮಿಷ ಅಳಿಸಿ ಕಳಿಸಿದರೆ ಅವನು ಹೊರಗೆ ಬಂದು "ಸಖತ್" ಅಂತಾನೆ. ನಾನೂ ಅಂದಿದ್ದೇನೆ. ರಾತ್ರಿ ಬರೆದ ಎರಡನೇ ಸಾಲು ಮರುದಿನ ಓದಿದಾಗ ಆ ಒಂದೂಮುಕ್ಕಾಲು ಗಂಟೆ ವಾಪಸ್ಸು ಬರುತ್ತದೆ.

ಮಾತು ಮೊದಲು ಬಂದರೆ ಇನ್ನೊಂದು ಅನುಕೂಲ ಇದೆ: ಅಂಕ ಸುಳ್ಳು ಹೇಳಿದರೆ ಸಿಕ್ಕಿಬೀಳುತ್ತದೆ. ಅಮೆರಿಕದ ವಿಮರ್ಶಕ ರೋಜರ್ ಎಬರ್ಟ್ ನಾಲ್ಕು ಸ್ಟಾರ್‌ಗಳ ಅಳತೆಯವರು. ‘ದಿ ಗುಡ್, ದಿ ಬ್ಯಾಡ್ ಅಂಡ್ ದಿ ಅಗ್ಲಿ’ ಬಂದಾಗ ಮೂರು ಕೊಟ್ಟಿದ್ದರು. 2003ರಲ್ಲಿ ಅದರ ಬಗ್ಗೆ ಮತ್ತೆ ಬರೆಯಲು ಕೂತಾಗ ಹಳೆಯ ವಿಮರ್ಶೆಯನ್ನು ನೋಡಿ, ತಾನು ವರ್ಣಿಸಿದ್ದು ನಾಲ್ಕು ಸ್ಟಾರಿನ ಸಿನಿಮಾ, ಕೊಟ್ಟಿದ್ದು ಮಾತ್ರ ಮೂರು ಅಂತ ಒಪ್ಪಿಕೊಂಡರು. ಇಟಲಿಯವರು ಮಾಡಿದ ಕೌಬಾಯ್ ಸಿನಿಮಾ ಕಲೆ ಹೇಗಾದೀತು ಅನ್ನುವ ಅಳುಕು ಇದ್ದಿರಬೇಕು ಅಂತಲೂ ಹೇಳಿದರು. ಅಷ್ಟು ಪಳಗಿದವರಿಗೇ ಹೀಗೆ. ಅವರು ಮಾತುಗಳನ್ನೂ ಬರೆದಿಟ್ಟಿದ್ದರಿಂದ ತಪ್ಪು ಗೊತ್ತಾಯಿತು. ಬರೀ ಮೂರು ಸ್ಟಾರ್ ಇದ್ದಿದ್ದರೆ ಅದೂ ಗೊತ್ತಾಗುತ್ತಿರಲಿಲ್ಲ.

"ಬೋರ್" ಅಂದರೆ ಎಲ್ಲಿ, ಯಾವ ಥರ?

ಸೂಪರ್, ಬೋರ್, ಟೈಮ್‌ಪಾಸ್, ಒಂದ್ಸಲ ನೋಡಬಹುದು. ಈ ನಾಲ್ಕು ಮಾತಿನಲ್ಲಿ ನಮ್ಮ ಎಲ್ಲ ವಿಮರ್ಶೆ ಮುಗಿದುಹೋಗುತ್ತದೆ. ಇವನ್ನು ಬಿಡಿ ಅಂತ ಹೇಳಲಾರೆ, ನಾನೇ ಬಿಟ್ಟಿಲ್ಲ. ಆದರೆ ಬಳಸಿದ ಮೇಲೆ ಅಲ್ಲೇ ನಿಲ್ಲಬೇಡಿ.

ಬೋರ್ ಅನ್ನುವುದನ್ನೇ ತೆಗೆದುಕೊಳ್ಳಿ. ಏನೂ ನಡೆಯದೆ ಬೋರ್ ಆಗುವುದು ಒಂದು ಬಗೆ. ಗೊತ್ತಿರುವುದನ್ನೇ ಮತ್ತೆ ಮತ್ತೆ ಹೇಳಿ ಬೋರ್ ಹೊಡೆಸುವುದು ಇನ್ನೊಂದು. ನಾಯಕ ಒಳ್ಳೆಯವನು ಅಂತ ಮೊದಲ ದೃಶ್ಯದಲ್ಲೇ ಗೊತ್ತಾಗಿರುತ್ತದೆ, ಆಮೇಲೆ ಅದನ್ನೇ ಸಾಬೀತು ಮಾಡಲು ನಾಲ್ಕು ದೃಶ್ಯ. ಯಾರ ಮೇಲೂ ಅಕ್ಕರೆ ಹುಟ್ಟದೆ, ಅಷ್ಟೆಲ್ಲ ಗುಂಡು ಹಾರುತ್ತಿದ್ದರೂ ಬೋರ್ ಆಗುವುದು ಮೂರನೆಯದು. ನನ್ನ ಗೆಳೆಯನೊಬ್ಬ ನಿಧಾನದ ಸಿನಿಮಾಗಳನ್ನು ಹುಡುಕಿಕೊಂಡು ಹೋಗಿ ನೋಡುವವನು. "ನಿಧಾನ" ಅಂದರೆ ಅವನಿಗೆ ಅದು ಹೊಗಳಿಕೆ. "ಹೇಳಿದ್ದನ್ನೇ ಹೇಳ್ತಾರೆ" ಅಂದರೆ ಮಾತ್ರ ಅವನು ಬಿಡುತ್ತಾನೆ. ನಾನು ಎರಡಕ್ಕೂ "ಲ್ಯಾಗ್" ಅನ್ನುತ್ತಿದ್ದ ಕಾಲದಲ್ಲಿ ಅವನು ನನ್ನ ಮಾತು ಕೇಳಿ ಎಷ್ಟು ಒಳ್ಳೆಯ ಸಿನಿಮಾ ತಪ್ಪಿಸಿಕೊಂಡನೋ.

ತಾಂತ್ರಿಕ ಪದಗಳ ಬಗ್ಗೆ ನನ್ನದೊಂದು ಹಟ ಇದೆ. "ಎಡಿಟಿಂಗ್ ಸರಿಯಿಲ್ಲ" ಅಂತ ಎಲ್ಲರೂ ಅನ್ನುತ್ತೇವೆ. ಆದರೆ ಆ ದೃಶ್ಯ ಉದ್ದವಾಗಿದ್ದು ಬರೆದವರಿಂದಲೋ, ತೆಗೆದವರಿಂದಲೋ, ಕತ್ತರಿಸಿದವರಿಂದಲೋ ಕುರ್ಚಿಯಲ್ಲಿ ಕೂತ ನಮಗೆ ಹೇಗೆ ಗೊತ್ತು? ಕತ್ತರಿಸಲು ಸಂಕಲನಕಾರರ ಕೈಗೆ ಏನು ಸಿಕ್ಕಿತ್ತೋ. ಅದಕ್ಕೇ ನಾನು ಕಾರಣ ಹೇಳದೆ, ಆದದ್ದನ್ನು ಹೇಳುತ್ತೇನೆ: "ತಂದೆ ಮಗಳು ಜಗಳ ಆಡುವಾಗ ಹಿನ್ನೆಲೆ ಸಂಗೀತ ಎಷ್ಟು ಜೋರಿತ್ತು ಅಂದರೆ ಮಗಳ ಕೊನೆಯ ಮಾತು ಕೇಳಲೇ ಇಲ್ಲ." ಇದನ್ನು ಯಾರೂ ಅಲ್ಲಗಳೆಯಲಾರರು, ಓದಿದವರಿಗೂ ಉಪಯೋಗ.

ಹೇಗೆ ನೋಡಿದಿರಿ ಅನ್ನುವುದನ್ನೂ ಹೇಳಿ

ಇದನ್ನು ಕಲಿತದ್ದು ಮಾನ ಕಳೆದುಕೊಂಡು. ಒಂಟಿ ಮನೆಯಲ್ಲಿ ಒಬ್ಬಳೇ ಇರುವ ಹೆಂಗಸಿನ ಸಿನಿಮಾ. ಅದನ್ನು ನಾನು ಫೋನಿನಲ್ಲಿ, ಎರಡು ಕಂತಿನಲ್ಲಿ, ಪ್ರಯಾಣ ಮಾಡುತ್ತ ನೋಡಿದೆ. ಇಯರ್‌ಫೋನಿನ ಎಡಗಡೆಯದು ಕೆಟ್ಟಿತ್ತು. "ಏನೂ ಆಗುವುದಿಲ್ಲ, ಅವಳು ಸುಮ್ಮಸುಮ್ಮನೆ ತಿರುಗಿ ನೋಡುತ್ತಾಳೆ" ಅಂತ ಬರೆದು ಎರಡು ಸ್ಟಾರ್ ಕೊಟ್ಟೆ. ಅಕ್ಕ ನನ್ನ ಮಾತು ನಂಬಿ ನೋಡದೇ ಬಿಟ್ಟಳು. ಏಳೆಂಟು ತಿಂಗಳಾದ ಮೇಲೆ ಅವಳ ಮನೆಯ ದೊಡ್ಡ ಟಿವಿಯಲ್ಲಿ ಅದು ಬರುತ್ತಿದ್ದಾಗ ನಾನೂ ಕೂತೆ. ಹೆಜ್ಜೆ ಸಪ್ಪಳ! ಪೂರ್ತಿ ಎಡಗಡೆಯಿಂದ. ಅವಳು ತಿರುಗಿ ನೋಡುತ್ತಿದ್ದದ್ದೇ ಅದಕ್ಕೆ. ಅಕ್ಕ ಸಿನಿಮಾ ಮುಗಿಯುವವರೆಗೆ ಮಾತಾಡಲಿಲ್ಲ. ಆಮೇಲೆ, "ಎರಡು ಸ್ಟಾರ್ ನಿನ್ನ ಇಯರ್‌ಫೋನಿಗೆ ಕೊಟ್ಟಿದ್ದಾ?" ಅಂದಳು.

ಈಗ ಪ್ರತಿ ಟಿಪ್ಪಣಿಯ ತಲೆಯ ಮೇಲೆ ಬರೆಯುತ್ತೇನೆ: ಥಿಯೇಟರೋ ಫೋನೋ, ಒಂದೇ ಸಲಕ್ಕೋ ಬಿಟ್ಟು ಬಿಟ್ಟೋ, ಮೂಲ ಭಾಷೆಯೋ ಡಬ್ಬಿಂಗೋ. ಡಬ್ ಆದ ಸಿನಿಮಾ ನೋಡಿ "ನಟನೆಯಲ್ಲಿ ಜೀವ ಇಲ್ಲ" ಅನ್ನುವವರು ಅರ್ಧ ನಟನೆಯನ್ನಷ್ಟೇ ನೋಡಿರುತ್ತಾರೆ, ದನಿ ಬೇರೆಯವರದು. ನಿದ್ದೆಗೆಟ್ಟು ನೋಡಿದರೆ ಅದನ್ನೂ ಬರೆಯಿರಿ. ಅರ್ಧಕ್ಕೆ ಬಿಟ್ಟ ಸಿನಿಮಾಕ್ಕೆ ನಾನು ಅಂಕವನ್ನೇ ಕೊಡುವುದಿಲ್ಲ. "40ನೇ ನಿಮಿಷಕ್ಕೆ ಬಿಟ್ಟೆ, ಇಂಥ ದೃಶ್ಯದಲ್ಲಿ" ಅಂದರೆ ಸಾಕು.

ಇನ್ನು ಅಂಕ

ಸಿನಿಮಾಕ್ಕೆ ಸ್ಟಾರ್ ಕೊಡುವ ಚಾಳಿ ತೀರಾ ಹೊಸದಲ್ಲ. 1928ರಲ್ಲಿ ‘ನ್ಯೂಯಾರ್ಕ್ ಡೈಲಿ ನ್ಯೂಸ್’ ಪತ್ರಿಕೆಯಲ್ಲಿ ಐರೀನ್ ಥೈರರ್ ಶುರು ಮಾಡಿದಾಗ ಹೆಚ್ಚೆಂದರೆ ಮೂರು ಸ್ಟಾರ್. ಈಗ ನೋಡುಗರೇ ಅಂಕ ಕೊಡುವ ಜಾಲತಾಣಗಳಿವೆ: ಐಎಂಡಿಬಿಯಲ್ಲಿ ಒಂದರಿಂದ ಹತ್ತು, ಲೆಟರ್‌ಬಾಕ್ಸ್‌ಡ್‌ನಲ್ಲಿ ಅರ್ಧ ಸ್ಟಾರಿನಿಂದ ಐದು. ನೆಟ್‌ಫ್ಲಿಕ್ಸ್ 2017ರಲ್ಲಿ ಐದು ಸ್ಟಾರ್ ತೆಗೆದುಹಾಕಿ ಹೆಬ್ಬೆರಳು ಮೇಲೆ, ಕೆಳಗೆ ಅಂತ ಮಾಡಿತು. ಯಾವ ಅಳತೆಯಾದರೂ ನಡೆಯುತ್ತದೆ, ಅದರ ಅರ್ಥ ನಿಮಗೆ ಗಟ್ಟಿಯಿರಬೇಕು ಅಷ್ಟೆ. ನನ್ನದು ಐದರದು, ಮತ್ತು ಅದನ್ನು ನಾನು ಸಿನಿಮಾದ ಗುಣದಿಂದ ಅಳೆಯುವುದಿಲ್ಲ, ನಾನೇನು ಮಾಡಿದೆ ಅನ್ನುವುದರಿಂದ ಅಳೆಯುತ್ತೇನೆ. ಯಾರೂ ಕೇಳದಿದ್ದರೂ ಫೋನ್ ಮಾಡಿ "ನೋಡು" ಅಂದರೆ ನಾಲ್ಕು. ಕೇಳಿದರೆ ಮಾತ್ರ "ಚೆನ್ನಾಗಿದೆ" ಅಂದರೆ ಮೂರು. ನಡುವೆ ಇನ್ನೆಷ್ಟು ಹೊತ್ತಿದೆ ಅಂತ ನೋಡಿಕೊಂಡರೆ ಎರಡು. ಮುಗಿದ ಮೇಲೆ ನನ್ನ ಮೇಲೇ ಸಿಟ್ಟು ಬಂದರೆ ಒಂದು. ಐದು ಕೊಡುವ ಮುಂಚೆ ಒಂದು ತಿಂಗಳು ಕಾಯುತ್ತೇನೆ. ಅಷ್ಟು ದಿನ ಆದಮೇಲೂ ತಲೆಯಲ್ಲಿ ಓಡುತ್ತಿದ್ದರೆ ನಾಲ್ಕನ್ನು ಹೊಡೆದು ಐದು ಬರೆಯುವುದು. ಹೋದ ವರ್ಷ ಎರಡೇ ಎರಡು.

ಎಲ್ಲವೂ ಒಂದೇ ಅಂಕದಲ್ಲಿ ಗುಂಪುಗೂಡಿದರೆ (ನನ್ನ ಏಳರ ಥರ) ಒಂದು ಉಪಾಯ ಇದೆ. ಈಗ ನೋಡಿದ್ದನ್ನು ಅದೇ ಅಂಕದ ಹಳೆಯ ಸಿನಿಮಾ ಪಕ್ಕ ಇಟ್ಟು ಕೇಳಿಕೊಳ್ಳಿ: ಇವತ್ತು ರಾತ್ರಿ ಎರಡರಲ್ಲಿ ಒಂದನ್ನು ಮತ್ತೆ ನೋಡಲೇಬೇಕು ಅಂದರೆ ಯಾವುದು? ಉತ್ತರ ತಟ್ಟನೆ ಬಂದರೆ ಎರಡಕ್ಕೂ ಒಂದೇ ಅಂಕ ಇರಕೂಡದು. ಆದರೆ ಹಾಸ್ಯ ಸಿನಿಮಾವನ್ನು ಹಾಸ್ಯದ ಪಕ್ಕ, ದೆವ್ವದ್ದನ್ನು ದೆವ್ವದ ಪಕ್ಕ ಇಡಿ. ನಗಿಸುತ್ತೇನೆ ಅಂತ ಬಂದ ಸಿನಿಮಾ ನಗಿಸಿದರೆ ಅದರ ಕೆಲಸ ಆಯಿತು. ಅದರಲ್ಲಿ ಬದುಕಿನ ಆಳ ಇಲ್ಲ ಅಂತ ಅಂಕ ಕತ್ತರಿಸುವುದು ಮಾಸ್ತರರ ಬುದ್ಧಿ.

ಬೇರೆಯವರ ಅಂಕವನ್ನು ಇನ್ನೊಬ್ಬರಿಗೆ ದಾಟಿಸುವಾಗಲೂ ಸ್ವಲ್ಪ ಹುಷಾರು. ವಿಮರ್ಶೆಗಳನ್ನು ಒಟ್ಟುಗೂಡಿಸುವ ಜಾಲತಾಣ ರಾಟನ್ ಟೊಮ್ಯಾಟೋಸ್‌ನ ಶೇಕಡಾ ಲೆಕ್ಕ ಸಿನಿಮಾ ಎಷ್ಟು ಚೆನ್ನಾಗಿದೆ ಅನ್ನುವುದನ್ನು ಹೇಳುವುದಿಲ್ಲ, ಎಷ್ಟು ವಿಮರ್ಶಕರು ಒಟ್ಟಾರೆ ಒಳ್ಳೆಯ ಮಾತಾಡಿದ್ದಾರೆ ಅನ್ನುವುದನ್ನು ಹೇಳುತ್ತದೆ. ಹತ್ತಕ್ಕೆ ಹತ್ತು ಜನವೂ "ಪರವಾಗಿಲ್ಲ, ನೋಡಬಹುದು" ಅಂದರೆ 100 ಬರುತ್ತದೆ. ಐದು ಜನ ಹುಚ್ಚೆದ್ದು ಹೊಗಳಿ ಐದು ಜನ ತೆಗಳಿದರೆ 50. ಅಂಥದ್ದೇ ಇನ್ನೊಂದು ತಾಣ ಮೆಟಾಕ್ರಿಟಿಕ್‌ನದು ಬೇರೆ ಲೆಕ್ಕ, ಅಲ್ಲಿ ವಿಮರ್ಶೆಗಳನ್ನು ಅಂಕಕ್ಕೆ ಇಳಿಸಿ ಸರಾಸರಿ ತೆಗೆಯುತ್ತಾರೆ, ಕೆಲವರ ಮಾತಿಗೆ ತೂಕ ಹೆಚ್ಚು. ನನಗಂತೂ ಆ 50ರ ಸಿನಿಮಾದ ಮೇಲೇ ಆಸೆ. ಅರ್ಧ ಜನಕ್ಕೆ ಸಿಟ್ಟು ಬರಿಸಿದ್ದು ಏನು ಅಂತ ತಿಳಿಯಬೇಡವೇ?

ಕಥೆ ಎಲ್ಲಿಯವರೆಗೆ ಹೇಳಬಹುದು

ಟ್ರೇಲರಿನಲ್ಲಿ ಬಂದದ್ದು, ಮೊದಲ ಇಪ್ಪತ್ತು ನಿಮಿಷದಲ್ಲಿ ನಡೆದದ್ದು: ಅಲ್ಲಿಗೆ ನಿಲ್ಲಿಸಿ. ಮತ್ತು "ಕೊನೆಯಲ್ಲಿ ಒಂದು ಟ್ವಿಸ್ಟ್ ಇದೆ, ಹೇಳಲ್ಲ" ಅನ್ನುವುದೂ ಹೇಳಿದಂತೆಯೇ. ಭಾವ ಒಮ್ಮೆ, "ಯಾರನ್ನು ನಂಬ್ತೀಯೋ ನೋಡೋಣ" ಅಂತ ಕಣ್ಣು ಹೊಡೆದರು. ಅಷ್ಟೇ. ನಾನು ಮೊದಲ ದೃಶ್ಯದಿಂದಲೇ ಅತಿ ಒಳ್ಳೆಯ ಮನುಷ್ಯ ಯಾರು ಅಂತ ಹುಡುಕಿ, ಆ ಡಾಕ್ಟರನ ಮೇಲೆ ಕಣ್ಣಿಟ್ಟು ಕೂತೆ. ಅವನೇ ಕೊಲೆಗಾರ.

ಆದರೆ ಹೇಳದೆ ಬಿಟ್ಟು ತಪ್ಪು ಮಾಡುವುದೂ ಇದೆ. ಒಬ್ಬ ಗೆಳೆಯನಿಗೆ ಒಂದು ಸಿನಿಮಾ ನೋಡಲೇಬೇಕು ಅಂತ ದುಂಬಾಲು ಬಿದ್ದೆ, ನಾಲ್ಕೂವರೆ ಕೊಟ್ಟಿದ್ದೆ. ಅದರ ನಡುವೆ ಆಸ್ಪತ್ರೆಯಲ್ಲಿ ಮಗ ತಂದೆಯ ಕಾಲು ಒತ್ತುತ್ತ ಕೂರುವ ಉದ್ದನೆಯ ದೃಶ್ಯ ಇತ್ತು, ಅಷ್ಟು ಚಂದದ ದೃಶ್ಯ ನಾನು ಆ ವರ್ಷ ನೋಡಿರಲಿಲ್ಲ. ಗೆಳೆಯನ ತಂದೆ ತೀರಿಕೊಂಡು ಆಗ ಐದು ವಾರವೂ ಆಗಿರಲಿಲ್ಲ. ಅವನು ಎದ್ದು ಹೊರಗೆ ಹೋಗಿ, ಮೆಟ್ಟಿಲ ಮೇಲೆ ಕೂತು ನನಗೆ ಫೋನ್ ಮಾಡಿದ. ಬೈಯಲಿಲ್ಲ. "ಹೇಳಬಾರದಿತ್ತಾ?" ಅಂದ, ಅಷ್ಟೆ. ಸಿನಿಮಾ ನನ್ನ ತಲೆಯಲ್ಲಿ ಬರೀ ನಾಲ್ಕೂವರೆಯಾಗಿ ಕೂತಿತ್ತು, ಅವನು ಯಾರು, ಈಗ ಹೇಗಿದ್ದಾನೆ ಅನ್ನುವುದು ಹೊಳೆಯಲೇ ಇಲ್ಲ. ಈಗ ಪ್ರತಿ ಟಿಪ್ಪಣಿಯ ಕೊನೆಗೆ "ಯಾರಿಗೆ ಬೇಡ" ಅಂತ ಒಂದು ಸಾಲು ಇರುತ್ತದೆ. ಮಗುವಿಗೆ ಏನಾದರೂ ಆಗುವುದು, ಪ್ರಾಣಿ ಸಾಯುವುದು, ಕಣ್ಣು ಕುಕ್ಕುವ ಮಿನುಗು ದೀಪ. ಕಥೆ ಬಿಟ್ಟುಕೊಟ್ಟಂತಾಗುತ್ತದೆ ಅನ್ನಿಸಿದರೆ ಎಲ್ಲರಿಗೂ ಹೇಳಬೇಡಿ, ಹೇಳಬೇಕಾದವರಿಗೆ ಪಕ್ಕಕ್ಕೆ ಕರೆದು ಹೇಳಿ.

ಒಪ್ಪದವರು ಬೇಕು

ನಿಮಗೆ ಇಷ್ಟವಾದದ್ದನ್ನು ಯಾರಾದರೂ ಕಸ ಅಂದರೆ "ನಿನಗೆ ಅರ್ಥ ಆಗಿಲ್ಲ" ಅನ್ನಬೇಡಿ. ಯಾವ ದೃಶ್ಯ ಅಂತ ಕೇಳಿ. ಎಷ್ಟೋ ಸಲ ಇಬ್ಬರೂ ಒಂದೇ ದೃಶ್ಯವನ್ನು ಹಿಡಿದುಕೊಂಡಿರುತ್ತೇವೆ, ನನಗೆ ಅದರಿಂದಲೇ ಇಷ್ಟ, ಅವರಿಗೆ ಅದರಿಂದಲೇ ಸಿಟ್ಟು. ಇನ್ನು ರುಚಿ ಪೂರ್ತಿ ಉಲ್ಟಾ ಇರುವವರನ್ನು ಕೈಬಿಡಲೇಬೇಡಿ. ಭಾವನ ಮಾತನ್ನು ನಾನು ಬಹಳ ನೆಚ್ಚಿಕೊಂಡಿದ್ದೇನೆ. ಅವರು "ಭಾಳ ಚೆನ್ನಾಗಿದೆ" ಅಂದದ್ದರಲ್ಲಿ ನನಗೆ ಹಿಡಿಸಿದ್ದು ಈವರೆಗೆ ಒಂದೂ ಇಲ್ಲ. ಎಷ್ಟು ಮಂದಿ ವಿಮರ್ಶಕರು ಇಷ್ಟು ಖಚಿತವಾಗಿ ದಾರಿ ತೋರಿಸುತ್ತಾರೆ ಹೇಳಿ.

ಹೋದ ವಾರದ ನನ್ನ ಟಿಪ್ಪಣಿ ಹೀಗಿದೆ: "ಥಿಯೇಟರ್, ಒಂದೇ ಸಲಕ್ಕೆ, ಮೂಲ ಭಾಷೆ, ಸಬ್‌ಟೈಟಲ್. ಊರು ಬಿಟ್ಟು ಹೋದ ಅಣ್ಣ ಹದಿನೈದು ವರ್ಷದ ಮೇಲೆ ಮನೆ ಮಾರಲು ಬರುತ್ತಾನೆ. ಕಣ್ಣು ಮುಚ್ಚಿದರೆ: ತಮ್ಮ ಬೀಗದ ಕೈ ಕೊಡದೆ ಮುಷ್ಟಿಯಲ್ಲೇ ಇಟ್ಟುಕೊಂಡು ನಿಂತದ್ದು. ಮನಸ್ಸು ಆಚೆ ಹೋದದ್ದು: ವಕೀಲರ ಮೂರು ದೃಶ್ಯ, ಒಂದು ಸಾಕಿತ್ತು, ಹಳೆಯ ದಿನಗಳು ಬಂದಾಗಲೆಲ್ಲ ಅದೇ ಪಿಟೀಲು, ಐದನೇ ಸಲಕ್ಕೆ ನಗು ಬಂತು. ಮುಗಿದಾಗ: ಅಳಿಸಲು ಎಷ್ಟು ಕಷ್ಟಪಡುತ್ತಾರಪ್ಪ ಅನ್ನಿಸಿತು. ಯಾರಿಗೆ ಬೇಡ: ಆಸ್ತಿ ಜಗಳದ ಮಧ್ಯೆ ಇರುವವರಿಗೆ. ಎರಡು."

ಅಕ್ಕನಿಗೆ ಕಳಿಸಿದೆ. ಐದು ನಿಮಿಷಕ್ಕೆ ಭಾವನ ಫೋನ್.

"ನೀನು ಎರಡು ಕೊಟ್ಟಿದ್ದೀಯಂತೆ, ನಿಜವಾ?"

"ಹೌದು ಭಾವ. ಆ ಪಿಟೀಲು ಇದೆಯಲ್ಲ..."

"ಅದೆಲ್ಲ ಬಿಡು. ಟಿಕೆಟ್ ತಗೊಂಡಾಯ್ತು, ಸಂಜೆ ಶೋ."