ದಾಸವಾಳಕ್ಕೊಂದು ಮೂಲೆ, ಪರಂಗಿಗೊಂದು ಮೂಲೆ

ಅಣ್ಣನ ಮಗಳು ಮೈಸೂರಿನಲ್ಲಿ 30×40 ಸೈಟಿನಲ್ಲಿ ಮನೆ ಕಟ್ಟಿಸಿದ್ದಾಳೆ. ಗೃಹಪ್ರವೇಶ ಮುಗಿದು ನೆಂಟರೆಲ್ಲ ಹೊರಟ ಮೇಲೆ ಫೋನು ಮಾಡಿ, "ಅತ್ತೆ, ಗೇಟಿನ ಹತ್ತಿರ ಒಂದಿಷ್ಟು, ಹಿಂದೆ ಅಡುಗೆಮನೆ ಕಡೆ ಒಂದಿಷ್ಟು ಮಣ್ಣು ಬಿಡಿಸಿದ್ದೀನಿ. ದಾಸವಾಳ ಹಾಕಲಾ, ಪರಂಗಿ ಹಾಕಲಾ?" ಎಂದು ಕೇಳಿದಳು. ಎರಡನ್ನೂ ಹಾಕು, ಆದರೆ ಅಕ್ಕಪಕ್ಕ ಮಾತ್ರ ಹಾಕಬೇಡ ಅಂದೆ. ಹಾಗೆ ಯಾಕೆ ಅಂದೆ ಎನ್ನುವುದು ಫೋನಿನಲ್ಲಿ ಮುಗಿಯುವ ಮಾತಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾವು ಪರಂಗಿ ಅನ್ನುವುದನ್ನೇ ಬಹಳ ಕಡೆ ಪಪ್ಪಾಯಿ ಅನ್ನುತ್ತಾರೆ, ಮಂಗಳೂರು ಕಡೆಯವರು ಬಪ್ಪಂಗಾಯಿ ಅನ್ನುತ್ತಾರೆ. ಮಧ್ಯ ಅಮೆರಿಕದ ಗಿಡ ಇದು, ಪೋರ್ಚುಗೀಸರ ಕಾಲದಲ್ಲಿ ನಮ್ಮಲ್ಲಿಗೆ ಬಂತು. ಬಾಯಿಮಾತಿಗೆ ಮರ ಅಂದರೂ ಅದರಲ್ಲಿ ಚೇಗು ಇರುವುದಿಲ್ಲ. ಕಾಂಡದ ಒಳಗೆ ಟೊಳ್ಳು, ಮೈಯೆಲ್ಲ ನೀರು. ದಾಸವಾಳ ಹಾಗಲ್ಲ, ಗಟ್ಟಿ ಕಟ್ಟಿಗೆಯ ಪೊದೆ. ಒಮ್ಮೆ ಬೇರು ಹಿಡಿದರೆ ಇಪ್ಪತ್ತು ಮೂವತ್ತು ವರ್ಷ ನಿಂತ ಜಾಗದಲ್ಲೇ ಹೂ ಕೊಡುತ್ತದೆ. ಪರಂಗಿಯಿಂದ ಒಳ್ಳೆಯ ಹಣ್ಣು ಸಿಗುವುದು ಮೂರು ವರ್ಷ ಅಂತ ಇಟ್ಟುಕೊಳ್ಳಿ. ಆಮೇಲೆ ಮರ ಎತ್ತರಕ್ಕೆ ಹೋಗುತ್ತದೆ, ಕಾಯಿ ಸಣ್ಣದಾಗುತ್ತದೆ, ಗಾಳಿಗೆ ಬೀಳುವ ಭಯವೂ ಇರುತ್ತದೆ. ಹಾಗಾಗಿ ಗೇಟಿನ ಪಕ್ಕದ ಕಾಯಂ ಜಾಗವನ್ನು ದಾಸವಾಳಕ್ಕೆ ಕೊಡಿ. ಪರಂಗಿಗೆ ಕೊಡುವ ಜಾಗ ಮೂರ್ನಾಲ್ಕು ವರ್ಷಕ್ಕೊಮ್ಮೆ ಬದಲಾಗಬೇಕಾಗುತ್ತದೆ ಅನ್ನುವುದನ್ನು ಮೊದಲೇ ಲೆಕ್ಕದಲ್ಲಿಟ್ಟುಕೊಳ್ಳಿ.

ಬಹಳ ಮನೆಗಳಲ್ಲಿ ಪರಂಗಿ ಕೆಡುವುದು ನೀರಿನ ವಿಷಯದಲ್ಲಿ. ಬಚ್ಚಲ ನೀರು ಹರಿಯುವ ಕಡೆ ಬಾಳೆ ಹಾಕುವುದು ನಮ್ಮ ಹಿರಿಯರ ರೂಢಿ, ಬಾಳೆಗೆ ಅದು ಸರಿ. ಅದನ್ನು ನೋಡಿ ಪರಂಗಿಯನ್ನೂ ಅಲ್ಲೇ ನೆಡುತ್ತಾರೆ. ಪರಂಗಿಯ ಬುಡದಲ್ಲಿ ಒಂದೆರಡು ದಿನ ನೀರು ನಿಂತರೂ ಸಾಕು, ಕಾಂಡ ಮಣ್ಣಿಗೆ ತಾಗುವ ಕಡೆ ಕೊಳೆತು, ಆಳೆತ್ತರದ ಮರ ಒಂದು ಬೆಳಗ್ಗೆ ಮಗ್ಗುಲಾಗಿರುತ್ತದೆ. ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು ಮೇಲ್ಮಣ್ಣಿಗೆ ಹಳೆಯ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ. ಅದರ ಮೇಲೆ ಮಣ್ಣನ್ನು ದಿಬ್ಬದ ಹಾಗೆ ಏರಿಸಿ, ಆ ದಿಬ್ಬದ ಮೇಲೆ ಸಸಿ ನೆಡಿ. ಪಾತಿ ಕಾಂಡಕ್ಕೆ ಅಂಟಿರಬಾರದು, ಒಂದಡಿ ದೂರದಲ್ಲಿ ಉಂಗುರದ ಹಾಗೆ ಇರಲಿ. ಎರಡು ಸಸಿ ಹಾಕುವುದಾದರೆ ನಡುವೆ ಆರು ಅಡಿ ಬಿಡಿ. ದೊಡ್ಡದಾದ ಮೇಲೆ ಕಿತ್ತು ಬೇರೆ ಕಡೆ ನೆಟ್ಟರೆ ಪರಂಗಿ ಉಳಿಯುವುದು ಕಷ್ಟ, ಆದ್ದರಿಂದ ಜಾಗ ಮೊದಲೇ ನಿಶ್ಚಯವಾಗಲಿ.

ದಾಸವಾಳಕ್ಕೂ ನಿಂತ ನೀರು ಆಗದು, ಆದರೆ ಇಷ್ಟೊಂದು ನಾಜೂಕಿಲ್ಲ. ಅದಕ್ಕೆ ಬೇಕಾದದ್ದು ಬಿಸಿಲು. ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳದಿದ್ದರೆ ಎಲೆ ದಟ್ಟವಾಗಿ ಬರುತ್ತದೆ, ಹೂ ಬರುವುದಿಲ್ಲ. ಮಳೆಗಾಲದಲ್ಲಿ ನೆರೆಮನೆಯವರನ್ನು ಕೇಳಿ ಪೆನ್ಸಿಲ್ ದಪ್ಪದ ಕಡ್ಡಿ ತನ್ನಿ. ನಾಲ್ಕು ಗಿಣ್ಣು ಇರುವಂತೆ ಓರೆಯಾಗಿ ಕತ್ತರಿಸಿ, ಎರಡು ಗಿಣ್ಣು ಮಣ್ಣಿನೊಳಗೆ ಹೋಗುವ ಹಾಗೆ ಬೇರು ಬರುವವರೆಗೆ ನೆರಳಿನಲ್ಲಿ ಚುಚ್ಚಿಟ್ಟರೆ ಸಾಕು, ಆಮೇಲೆ ಬಿಸಿಲಿನ ಜಾಗಕ್ಕೆ ನೆಡಿ. ಮೊದಲ ಗಿಡಕ್ಕೆ ಐದು ಎಸಳಿನ ನಾಟಿ ಕೆಂಪು ದಾಸವಾಳವೇ ಇರಲಿ ಅನ್ನುತ್ತೇನೆ. ತಟ್ಟೆಯಷ್ಟಗಲ ಹೂ ಬಿಡುವ ಹೈಬ್ರಿಡ್ ಗಿಡ ನೋಡಲು ಚೆಂದ, ಸಾಕುವುದು ಕಷ್ಟ.

ದಾಸವಾಳ ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಇದು ತಿಳಿಯದೆ ಎಷ್ಟೋ ಜನ ಕತ್ತರಿ ಹಾಕಲು ಹೆದರುತ್ತಾರೆ. ಬೇಸಿಗೆ ಶುರುವಾಗುವ ಮೊದಲು ಮೂರನೇ ಒಂದು ಭಾಗ ಧೈರ್ಯವಾಗಿ ಕತ್ತರಿಸಿ, ಬುಡಕ್ಕೆ ಗೊಬ್ಬರ ಕೊಡಿ. ಮೊಗ್ಗು ಅರಳದೆ ಉದುರುತ್ತಿದ್ದರೆ ಒಂದು ದಿನ ಒಣಗಿಸಿ ಮರುದಿನ ಬಕೆಟ್ಟುಗಟ್ಟಲೆ ನೀರು ಸುರಿಯುತ್ತಿದ್ದೀರೋ ನೋಡಿಕೊಳ್ಳಿ. ಅದಲ್ಲವಾದರೆ ಉದುರಿದ ಮೊಗ್ಗನ್ನು ಬಿಡಿಸಿ ನೋಡಿ, ಒಳಗೆ ಸಣ್ಣ ಹುಳು ಕಂಡೀತು. ಅಂಥ ಮೊಗ್ಗುಗಳನ್ನು ಗಿಡದ ಬುಡದಲ್ಲೇ ಬಿಡದೆ ಆರಿಸಿ ದೂರ ಹಾಕಿ.

ಪರಂಗಿಯಲ್ಲಿ ಮೋಸ ಹೋಗುವುದು ಗಂಡು ಗಿಡದಿಂದ. ಒಮ್ಮೆ ಒಂದು ನರ್ಸರಿಯಿಂದ ತಂದ ಎರಡು ಸಸಿಗೆ ಎಂಟು ತಿಂಗಳು ನೀರು ಹೊತ್ತಿದ್ದೇನೆ. ಎರಡೂ ಗಂಡಾಗಿದ್ದವು, ಒಂದು ಕಾಯೂ ಸಿಗಲಿಲ್ಲ. ಉದ್ದ ತೊಟ್ಟಿನಲ್ಲಿ ಗೊಂಚಲಾಗಿ ಜೋತಾಡುವ ಸಣ್ಣ ಹೂ ಕಂಡರೆ ಅದು ಗಂಡು. ಕಾಂಡಕ್ಕೆ ಅಂಟಿದಂತೆ ದಪ್ಪ ಹೂ ಬಿಟ್ಟರೆ ಹೆಣ್ಣು, ಅದರ ಕಾಯಿ ಗುಂಡಗಿರುತ್ತದೆ. ಎರಡೂ ಒಂದೇ ಹೂವಿನಲ್ಲಿರುವ ಗಿಡದ ಕಾಯಿ ಉದ್ದುದ್ದ. ಹೂ ಬರುವವರೆಗೆ ಗುರುತು ಸಿಗದ ಕಾರಣ ಒಂದೇ ಗುಂಡಿಗೆ ಮೂರು ಸಸಿ ನೆಟ್ಟು, ಹೂ ಬಂದ ಮೇಲೆ ಒಳ್ಳೆಯದೊಂದನ್ನು ಉಳಿಸಿಕೊಳ್ಳುವುದು ಹಳೆಯ ಉಪಾಯ. ಕೊಡಗಿನ ಚೆಟ್ಟಳ್ಳಿಯಿಂದ ಬಂದ ಕೂರ್ಗ್ ಹನಿಡ್ಯೂ, ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಸೂರ್ಯ, ಇವುಗಳಲ್ಲಿ ಗಂಡು ಗಿಡದ ಕಾಟ ಇಲ್ಲ. ಸಣ್ಣ ಸಂಸಾರಕ್ಕೆ ಸೂರ್ಯ ಹೇಳಿ ಮಾಡಿಸಿದ ಹಾಗಿದೆ. ಹಣ್ಣು ಚಿಕ್ಕದು, ಕೆಂಪು ತಿರುಳು, ಒಂದೇ ಹೊತ್ತಿಗೆ ಖರ್ಚಾಗುತ್ತದೆ. ಅಂಗಡಿಯಲ್ಲಿ ಕೊಂಡ ರೆಡ್ ಲೇಡಿ ಹಣ್ಣಿನ ಬೀಜ ಹಾಕಿ ಅಂಥದ್ದೇ ಹಣ್ಣು ಬರುತ್ತದೆ ಅಂತ ಕಾಯಬೇಡಿ, ಅದು ಹೈಬ್ರಿಡ್.

ಇನ್ನು ಅಕ್ಕಪಕ್ಕ ಬೇಡ ಅಂದ ಕಾರಣ. 2008ರಲ್ಲಿ ಕೊಯಮತ್ತೂರಿನ ಕಡೆ ಪರಂಗಿ ಹಿಟ್ಟು ತಿಗಣೆ ಅನ್ನುವ ಹೊಸ ಕೀಟ ಮೊದಲು ಕಾಣಿಸಿತು. ಒಂದೆರಡು ವರ್ಷದೊಳಗೆ ನಮ್ಮ ಕಡೆಗೂ ಬಂತು. ಹೆಸರಿನಲ್ಲಿ ಪರಂಗಿ ಇದ್ದರೂ ಅದು ಹಿಪ್ಪುನೇರಳೆ, ಮರಗೆಣಸು, ಬದನೆ, ಕೊನೆಗೆ ಪಾರ್ಥೇನಿಯಂ ಕಳೆಯ ಮೇಲೂ ಕೂರುತ್ತದೆ. ದಾಸವಾಳವೆಂದರೆ ಅದಕ್ಕೆ ಬಹಳ ಇಷ್ಟ. ನಮ್ಮ ಹಿತ್ತಲಲ್ಲಿ ಆಗ ದಾಸವಾಳದ ಕೊಂಬೆ ಪರಂಗಿಯ ಕಾಂಡಕ್ಕೆ ಒರಗಿಕೊಂಡೇ ಇತ್ತು. ಮೊದಲು ದಾಸವಾಳದ ಚಿಗುರು ಮುರುಟಿತು. ಯಾರೋ ಅಕ್ಕಿಹಿಟ್ಟು ಚೆಲ್ಲಿದ ಹಾಗೆ ಕಾಣುತ್ತಿತ್ತು, ನಾನು ಅಷ್ಟಾಗಿ ಗಮನ ಕೊಡಲಿಲ್ಲ. ಹದಿನೈದು ದಿನದಲ್ಲಿ ಇರುವೆ ಸಾಲು ಆ ಕೊಂಬೆಯ ಮೇಲಿಂದ ಪರಂಗಿಗೆ ಹೋಗಿತ್ತು, ಕಾಯಿಗಳೆಲ್ಲ ಬೆಳ್ಳಗಾಗಿದ್ದವು. ತಿಗಣೆ ಬಿಡುವ ಸಿಹಿ ಅಂಟಿನ ಆಸೆಗೆ ಇರುವೆಗಳೇ ಅದನ್ನು ಕಾಯುತ್ತವೆ, ಬೇರೆ ಗಿಡಕ್ಕೆ ಸಾಗಿಸುತ್ತವೆ. ಆ ವರ್ಷ ಒಂದು ಹಣ್ಣೂ ತಿನ್ನಲಿಲ್ಲ.

2010ರಲ್ಲಿ ಬೆಂಗಳೂರಿನ ಕೃಷಿ ಕೀಟ ವಿಜ್ಞಾನಿಗಳು ಪೋರ್ಟೊ ರಿಕೊದಿಂದ ಒಂದು ಪುಟ್ಟ ಕಣಜ ತರಿಸಿ ಬಿಟ್ಟರು. ಒಂದು ಮಿಲಿಮೀಟರೂ ಇಲ್ಲದ ಜೀವಿ ಅದು. ತಿಗಣೆಯ ಮೈಯೊಳಗೆ ಮೊಟ್ಟೆ ಇಡುತ್ತದೆ, ಮರಿ ಒಳಗಿನಿಂದಲೇ ತಿಗಣೆಯನ್ನು ತಿಂದು ಮುಗಿಸುತ್ತದೆ. ಅದು ಹರಡಿದ ಮೇಲೆ ಹಿಟ್ಟು ತಿಗಣೆಯ ಹಾವಳಿ ಇಳಿಯಿತು. ಈ ಕಾರಣಕ್ಕೇ, ಬಿಳಿ ಕಂಡ ತಕ್ಷಣ ಅಂಗಡಿಗೆ ಓಡಿ ವಿಷದ ಔಷಧಿ ತಂದು ಹೊಡೆಯಬೇಡಿ ಎಂದು ಎಲ್ಲರನ್ನೂ ಕೇಳಿಕೊಳ್ಳುತ್ತೇನೆ. ತಿಗಣೆಗೆ ಮೇಣದ ಹೊದಿಕೆ ಇದೆ, ಸಾಯುವುದು ಆ ಕಣಜ. ಮೊದಲು ಪೈಪಿನ ನೀರನ್ನು ಜೋರಾಗಿ ಹಾಯಿಸಿ ತೊಳೆಯಿರಿ. ಹೆಚ್ಚು ಹತ್ತಿದ ಚಿಗುರನ್ನು ಕತ್ತರಿಸಿ ಕವರಿನಲ್ಲಿ ಕಟ್ಟಿಹಾಕಿ. ಉಳಿದದ್ದಕ್ಕೆ ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಎಣ್ಣೆ ಬೆರೆಯುವಷ್ಟು ಸೋಪಿನ ನೀರು ಹಾಕಿ ಸಂಜೆ ಹೊತ್ತು ಸಿಂಪಡಿಸಿ, ವಾರ ಬಿಟ್ಟು ಮತ್ತೊಮ್ಮೆ. ಪರಂಗಿ ಎಲೆ ಸೂಕ್ಷ್ಮ, ಒಂದು ಎಲೆಗೆ ಹಾಕಿ ಎರಡು ದಿನ ನೋಡಿ. ದಾಸವಾಳ ಮುಂದೆ, ಪರಂಗಿ ಹಿಂದೆ ಇದ್ದರೆ ಒಂದರ ರೋಗ ಇನ್ನೊಂದಕ್ಕೆ ಹೋಗುವ ಮುನ್ನ ನಿಮ್ಮ ಕಣ್ಣಿಗೆ ಬೀಳಲು ನಾಲ್ಕು ದಿನ ಸಿಗುತ್ತದೆ. ಎಲೆ ಸುಕ್ಕಾಗಿ, ಕಾಯಿಯ ಮೇಲೆ ಉಂಗುರದಂಥ ಚುಕ್ಕೆ ಬಂದರೆ ಮಾತ್ರ ಅದು ಗಿಡಹೇನು ಹರಡುವ ನಂಜು. ಅದಕ್ಕೆ ಮದ್ದಿಲ್ಲ, ಮರ ಕಿತ್ತುಬಿಡಿ.

ಕಾಯಿಯ ಮೇಲೆ ಹಳದಿ ಗೆರೆ ಮೂಡಿದಾಗ ಕಿತ್ತು ಪೇಪರಿನಲ್ಲಿ ಸುತ್ತಿಟ್ಟರೆ ಮೂರ್ನಾಲ್ಕು ದಿನಕ್ಕೆ ಹಣ್ಣಾಗುತ್ತದೆ. ಪಲ್ಯಕ್ಕೆ ಕಾಯಿ ಹೆಚ್ಚುವಾಗ ಕೈಗೆ ಎಣ್ಣೆ ಸವರಿಕೊಳ್ಳಿ, ಅದರ ಹಾಲು ಚರ್ಮ ಕೆರಳಿಸುತ್ತದೆ. ಬಸುರಿ ಹೆಂಗಸರಿಗೆ ಕಾಯಿ ಬಡಿಸಬೇಡಿ. ಹಣ್ಣನ್ನು ಹಾಲಿಗೆ ಹಾಕಿ ರುಬ್ಬಿದರೆ ಆಗಲೇ ಕುಡಿಯಿರಿ, ಇಟ್ಟರೆ ಕಹಿಯಾಗುತ್ತದೆ.

ದಾಸವಾಳದ ಹೂವಿಗೆ ಒಂದೇ ದಿನದ ಆಯುಷ್ಯ. ಬೆಳಗ್ಗೆ ಬೇಗ ಪೂಜೆ ಮಾಡುವವರು ಹಿಂದಿನ ಸಂಜೆ ಬಲಿತ ಮೊಗ್ಗು ಬಿಡಿಸಿ ತಟ್ಟೆಯಲ್ಲಿಟ್ಟರೆ ನೀರಿಲ್ಲದೆಯೂ ಬೆಳಗ್ಗೆ ಅರಳಿರುತ್ತದೆ. ಎಲೆಯನ್ನು ಸೀಗೆಪುಡಿಯ ಜೊತೆ ಅರೆದು ತಲೆಗೆ ಹಚ್ಚಿದರೆ ಕೂದಲು ನುಣುಪಾಗುತ್ತದೆ, ಬೇರೆ ಕಂಡಿಷನರ್ ಬೇಡ. ಅಣ್ಣನ ಮಗಳಿಗೆ ನಮ್ಮ ಗಿಡದ ಆರು ಕಡ್ಡಿ ಒದ್ದೆ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದೇನೆ. ಹಿಟ್ಟು ತಿಗಣೆ ಇಲ್ಲವೆಂದು ಒಂದೊಂದು ಗಿಣ್ಣನ್ನೂ ನೋಡಿಯೇ ಕತ್ತರಿಸಿದ್ದು. ಭಾನುವಾರ ಬಂದು ತೆಗೆದುಕೊಂಡು ಹೋಗುತ್ತಾಳೆ.