ನೋಟ್ಸ್ ಬದಿಗಿಟ್ಟು ಅಮೆರಿಕದ ಸಂವಿಧಾನ ಓದುವ ಬಗೆ

ದಾವಣಗೆರೆಯ ವಿದ್ಯಾನಗರದ ರೂಮುಗಳಲ್ಲಾಗಲಿ, ಚಿತ್ರದುರ್ಗದ ಗ್ರಂಥಾಲಯದಲ್ಲಾಗಲಿ ರಾಜ್ಯಶಾಸ್ತ್ರ ಹಿಡಿದು ಕೂತವರು ಅಮೆರಿಕದ ಸಂವಿಧಾನವನ್ನು ಗೈಡಿನ ಎರಡು ಪುಟದಲ್ಲಿ ಮುಗಿಸಿಬಿಡುತ್ತಾರೆ: ಲಿಖಿತ, ಅನಮ್ಯ, ಒಕ್ಕೂಟ, ಅಧಿಕಾರ ಪ್ರತ್ಯೇಕತೆ. ಹೀಗೆ ಉರು ಹೊಡೆದದ್ದು ಪರೀಕ್ಷೆ ಮುಗಿದ ವಾರಕ್ಕೇ ಮರೆತುಹೋಗುತ್ತದೆ. ಇದಕ್ಕಿಂತ ಮೂಲವನ್ನೇ ಓದುವುದು ಸುಲಭ, ಯಾಕೆಂದರೆ ಅದು ತೀರಾ ಚಿಕ್ಕದು. ತಿದ್ದುಪಡಿಗಳನ್ನು ಬಿಟ್ಟರೆ ಸಂವಿಧಾನ ಸುಮಾರು 4,500 ಪದ, ಸ್ವಾತಂತ್ರ್ಯ ಘೋಷಣೆ ಸುಮಾರು 1,300 ಪದ. ದಿನಕ್ಕೆ ಒಂದೂವರೆ ತಾಸಿನಂತೆ ಆರು ಸಂಜೆ ಕೊಟ್ಟರೆ ಸಾಕು.

ನಾಲ್ಕು ಪಠ್ಯಗಳು ಬೇಕು: 1776ರ ಸ್ವಾತಂತ್ರ್ಯ ಘೋಷಣೆ, 1781ರಲ್ಲಿ ಜಾರಿಗೆ ಬಂದ ಆರ್ಟಿಕಲ್ಸ್ ಆಫ್ ಕಾನ್ಫೆಡರೇಷನ್ (ಸಂವಿಧಾನಕ್ಕೂ ಮುಂಚೆ ರಾಜ್ಯಗಳು ಮಾಡಿಕೊಂಡ ಒಕ್ಕೂಟದ ಒಪ್ಪಂದ), 1787ರ ಸಂವಿಧಾನ, ಮತ್ತು ಅದರ 27 ತಿದ್ದುಪಡಿಗಳು. ಅಮೆರಿಕದ ನ್ಯಾಷನಲ್ ಆರ್ಕೈವ್ಸ್ ವೆಬ್‌ಸೈಟಿನಲ್ಲಿ ಇವು ಪುಕ್ಕಟೆ ಸಿಗುತ್ತವೆ. ಎಲ್ಲಾ ಸೇರಿ ಎ4 ಹಾಳೆಯಲ್ಲಿ ಇಪ್ಪತ್ತೈದು ಪುಟದ ಆಸುಪಾಸು ಆಗುತ್ತದೆ. ಬಲಗಡೆ ಅಗಲವಾಗಿ ಅಂಚು ಬಿಟ್ಟು ಪ್ರಿಂಟ್ ತೆಗೆಸಿ. ಜೊತೆಗೊಂದು ಲಾಂಗ್ ನೋಟ್‌ಬುಕ್, ಒಂದು ಪೆನ್ಸಿಲ್. ಮೊಬೈಲ್ ಅನುವಾದವನ್ನು ನೆಚ್ಚಬೇಡಿ. 'ಹೌಸ್' ಮನೆಯಾಗಿ, 'ಆರ್ಟಿಕಲ್' ಲೇಖನವಾಗಿ ಬಂದರೆ ಇಡೀ ವಾಕ್ಯವೇ ಕೆಡುತ್ತದೆ. ಹಳೆಯ ಕಾಗುಣಿತ ಮೊದಲ ಪುಟದಲ್ಲಿ ತೊಡಕೆನಿಸಬಹುದು, ಎರಡನೆಯದಕ್ಕೆ ರೂಢಿಯಾಗುತ್ತದೆ.

ಓದಲು ಕೂರುವ ಮುಂಚೆ ಎರಡು ಪದ ಸರಿಮಾಡಿಕೊಳ್ಳಿ. ನಮ್ಮಲ್ಲಿ ಆರ್ಟಿಕಲ್ ಅಂದರೆ 14, 19, 21 ಎಂದು ಎಣಿಸುವ ವಿಧಿ. ಅಲ್ಲಿ ಇಡೀ ಸಂವಿಧಾನಕ್ಕೆ ಏಳೇ ಆರ್ಟಿಕಲ್. ಅವು ನಮ್ಮ ಸಂವಿಧಾನದ 'ಭಾಗ'ಕ್ಕೆ ಸಮ. ಅದರೊಳಗಿನ ಸೆಕ್ಷನ್ನೇ ನಮ್ಮ ವಿಧಿಗೆ ಹತ್ತಿರ. ಹಾಗಾಗಿ '1ನೇ ಆರ್ಟಿಕಲ್, 8ನೇ ಸೆಕ್ಷನ್' ಎಂದು ಪೂರ್ತಿ ಬರೆಯಬೇಕು. ಇನ್ನೊಂದು, ಕಾಂಗ್ರೆಸ್ ಅಂದರೆ ಅಲ್ಲಿನ ಪಾರ್ಲಿಮೆಂಟು: ಪ್ರತಿನಿಧಿ ಸಭೆ ಮತ್ತು ಸೆನೆಟ್ ಎರಡೂ ಸೇರಿ.

ಮೊದಲ ಸಂಜೆ ಓದಬೇಡಿ, ಪೆನ್ಸಿಲಿನಿಂದ ಹೊಡೆದುಹಾಕಿ. ಬಹಳ ಜನ ಎಡವುವುದು ಇಲ್ಲಿಯೇ. ನಮ್ಮಲ್ಲಿ ತಿದ್ದುಪಡಿ ಆದರೆ ಮೂಲ ಪಠ್ಯವೇ ಬದಲಾಗುತ್ತದೆ. ಅಲ್ಲಿ ಹಳೆಯ ಮಾತು ಹಾಗೇ ಉಳಿದು, ಹೊಸದು ಕೊನೆಗೆ ಸೇರುತ್ತದೆ. ತಿದ್ದುಪಡಿಗಳನ್ನು ಪಠ್ಯದೊಳಗೇ ಹೆಣೆಯಬೇಕು ಎಂದು ಮೊದಲ ಕಾಂಗ್ರೆಸ್ಸಿನಲ್ಲಿ ಪ್ರತಿನಿಧಿ ಸಭೆಯ ಸದಸ್ಯರಾಗಿದ್ದ ಜೇಮ್ಸ್ ಮ್ಯಾಡಿಸನ್ ಬಯಸಿದ್ದರು, ಆದರೆ ಕೊನೆಗೆ ಸೇರಿಸಬೇಕೆಂಬ ಅದೇ ಸಭೆಯ ರೋಜರ್ ಶೆರ್ಮನ್ ಅವರ ವಾದ ಗೆದ್ದಿತು. ಅದರಿಂದ ಸತ್ತ ಸಾಲು ಯಾವುದು, ಜೀವಂತ ಸಾಲು ಯಾವುದು ಎಂದು ನಾವೇ ಗುರುತು ಹಾಕಿಕೊಳ್ಳಬೇಕು. 1ನೇ ಆರ್ಟಿಕಲ್ 3ನೇ ಸೆಕ್ಷನ್ನಿನಲ್ಲಿ ಸೆನೆಟರುಗಳನ್ನು ರಾಜ್ಯ ಶಾಸನಸಭೆಗಳು ಆರಿಸುತ್ತವೆ ಎಂದಿದೆ. ಅದನ್ನು ಹೊಡೆದು ಅಂಚಿನಲ್ಲಿ '17ನೇ ತಿದ್ದುಪಡಿ, 1913, ಜನರೇ ಆರಿಸುತ್ತಾರೆ' ಎಂದು ಬರೆಯಿರಿ. 2ನೇ ಆರ್ಟಿಕಲ್ 1ನೇ ಸೆಕ್ಷನ್ನಿನ ಅಧ್ಯಕ್ಷರ ಚುನಾವಣೆಯ ಕ್ರಮದ ಎದುರು '12', 1ನೇ ಆರ್ಟಿಕಲ್ 2ನೇ ಸೆಕ್ಷನ್ನಿನಲ್ಲಿ ಗುಲಾಮರನ್ನು ಎಣಿಸುವ ಐದರಲ್ಲಿ ಮೂರು ಪಾಲಿನ ಲೆಕ್ಕದ ಎದುರು '14', 4ನೇ ಆರ್ಟಿಕಲ್ 2ನೇ ಸೆಕ್ಷನ್ನಿನಲ್ಲಿ ಓಡಿಹೋದ ಗುಲಾಮರನ್ನು ಹಿಂದಿರುಗಿಸಬೇಕೆನ್ನುವ ಕೊನೆಯ ಖಂಡದ ಎದುರು '13' ಬರಲಿ. ಪಾನನಿಷೇಧದ 18ನೇ ತಿದ್ದುಪಡಿಯನ್ನು ಪೂರ್ತಿ ಹೊಡೆಯಿರಿ. 1933ರಲ್ಲಿ 21ನೆಯದು ಅದನ್ನು ರದ್ದು ಮಾಡಿತು.

ಎರಡನೆಯ ಸಂಜೆ ಸ್ವಾತಂತ್ರ್ಯ ಘೋಷಣೆ. ಎಲ್ಲರೂ ಎರಡನೆಯ ಪ್ಯಾರಾ ಓದಿ, ಸಮಾನತೆ, ಜೀವ, ಸ್ವಾತಂತ್ರ್ಯ, ಸುಖದ ಅರಸುವಿಕೆ ಎಂದು ಬರೆದುಕೊಂಡು ಮುಚ್ಚಿಡುತ್ತಾರೆ. ನಿಜವಾದ ಸರಕು ಇರುವುದು ಅದರ ಕೆಳಗೆ, ಇಂಗ್ಲೆಂಡಿನ ದೊರೆಯ ಮೇಲೆ ಹೊರಿಸಿದ 27 ದೂರುಗಳಲ್ಲಿ. ನೋಟ್‌ಬುಕ್ಕಿನ ಪುಟದ ನಡುವೆ ಗೆರೆ ಎಳೆದು ಎಡಗಡೆ ಒಂದೊಂದು ದೂರನ್ನೂ ಕನ್ನಡದಲ್ಲಿ ಒಂದು ಸಾಲಿಗೆ ಇಳಿಸಿ. ಬಲಗಡೆ ಖಾಲಿ ಬಿಡಿ. ಮುಂದಿನ ಸಂಜೆಗಳಲ್ಲಿ ಸಂವಿಧಾನ ಓದುತ್ತಾ ಯಾವ ದೂರಿಗೆ ಯಾವ ಸೆಕ್ಷನ್ ಮದ್ದು ಅರೆದಿದೆ ಎಂದು ಹುಡುಕಿ ತುಂಬಿಸುತ್ತಾ ಹೋಗಿ.

ಹುಡುಕಿದರೆ ಸಿಗುತ್ತದೆ. ನ್ಯಾಯಾಧೀಶರ ಹುದ್ದೆಯ ಅವಧಿ, ಸಂಬಳ ಎರಡನ್ನೂ ದೊರೆ ತನ್ನ ಮರ್ಜಿಗೆ ಕಟ್ಟಿಹಾಕಿದ್ದಾನೆ ಎನ್ನುವುದು ಒಂದು ದೂರು. ಎದುರಿಗೆ 3ನೇ ಆರ್ಟಿಕಲ್ 1ನೇ ಸೆಕ್ಷನ್: ಸದ್ವರ್ತನೆ ಇರುವವರೆಗೆ ಹುದ್ದೆ, ಹುದ್ದೆಯಲ್ಲಿರುವಾಗ ಸಂಬಳ ಇಳಿಸುವಂತಿಲ್ಲ. ಜನಪ್ರತಿನಿಧಿಗಳ ಸಭೆಗಳನ್ನು ಪದೇಪದೇ ವಿಸರ್ಜಿಸಿದ ಎಂಬುದು ಇನ್ನೊಂದು. ಅದಕ್ಕೇ ಅಲ್ಲಿನ ಅಧ್ಯಕ್ಷರಿಗೆ ಕಾಂಗ್ರೆಸ್ಸನ್ನು ವಿಸರ್ಜಿಸುವ ಅಧಿಕಾರ ಕೊಟ್ಟಿಲ್ಲ. ವರ್ಷಕ್ಕೊಮ್ಮೆಯಾದರೂ ಸೇರಲೇಬೇಕು ಎಂದು 1ನೇ ಆರ್ಟಿಕಲ್ 4ನೇ ಸೆಕ್ಷನ್ ಹೇಳುತ್ತದೆ. ಶಾಂತಿಯ ಕಾಲದಲ್ಲೂ ಶಾಸನಸಭೆಯ ಒಪ್ಪಿಗೆಯಿಲ್ಲದೆ ಸೈನ್ಯ ಇಟ್ಟ ಎಂಬ ದೂರಿಗೆ, ಸೈನ್ಯಕ್ಕೆ ಒಂದು ಸಲಕ್ಕೆ ಎರಡು ವರ್ಷಕ್ಕಿಂತ ಹೆಚ್ಚು ಹಣ ಮಂಜೂರು ಮಾಡಬಾರದೆಂಬ 8ನೇ ಸೆಕ್ಷನ್ನಿನ ಕಟ್ಟು. ಸೈನಿಕರನ್ನು ಜನರ ನಡುವೆ ಬಿಡಾರ ಹೂಡಿಸಿದ ಎಂಬುದಕ್ಕೆ 3ನೇ ತಿದ್ದುಪಡಿ. ಹೀಗೆ ಹತ್ತು ಜೋಡಿ ಕೂಡಿಸಿದ ಮೇಲೆ ಸಂವಿಧಾನ ಒಣ ಕಾಯ್ದೆಯಂತೆ ಕಾಣುವುದಿಲ್ಲ. ಪೆಟ್ಟು ತಿಂದವರು ಮತ್ತೆ ಪೆಟ್ಟು ಬೀಳದಂತೆ ಕಟ್ಟಿದ ಗೋಡೆಯಂತೆ ಕಾಣುತ್ತದೆ.

ಮೂರನೆಯ ಸಂಜೆ ಆರ್ಟಿಕಲ್ಸ್ ಆಫ್ ಕಾನ್ಫೆಡರೇಷನ್. ಇದನ್ನು ಬಿಟ್ಟು ಮುಂದೆ ಹೋಗುವವರೇ ಹೆಚ್ಚು, ಅದು ತಪ್ಪು. ದೊರೆಯ ಹೆದರಿಕೆಯಿಂದ ಕೇಂದ್ರವನ್ನು ತೀರಾ ಸೊರಗಿಸಿದ ಪ್ರಯೋಗ ಇದು. ತೆರಿಗೆ ಹಾಕುವ ಅಧಿಕಾರವಿಲ್ಲ, ಕಾರ್ಯಾಂಗವಿಲ್ಲ, ರಾಷ್ಟ್ರೀಯ ನ್ಯಾಯಾಂಗವಿಲ್ಲ. ಮುಖ್ಯ ವಿಷಯಗಳಿಗೆ 13ರಲ್ಲಿ 9 ರಾಜ್ಯ ಒಪ್ಪಬೇಕು, ತಿದ್ದುಪಡಿಗೆ 13ಕ್ಕೆ 13. 1786ರಲ್ಲಿ ಮ್ಯಾಸಚೂಸೆಟ್ಸಿನಲ್ಲಿ ಸಾಲ ಮತ್ತು ತೆರಿಗೆಯ ಭಾರಕ್ಕೆ ರೈತರು ದಂಗೆ ಎದ್ದಾಗ ಕೇಂದ್ರ ಕೈಕಟ್ಟಿ ಕೂತಿತು. ಈ ಕೊರತೆಗಳನ್ನೂ ಎಡಗಡೆಯ ಪಟ್ಟಿಗೆ ಸೇರಿಸಿ. 1787ರ ಮೇ 25ರಿಂದ ಸೆಪ್ಟೆಂಬರ್ 17ರವರೆಗೆ ಫಿಲಡೆಲ್ಫಿಯಾದಲ್ಲಿ 55 ಪ್ರತಿನಿಧಿಗಳು ತಿಣುಕಾಡಿದ್ದು ಈ ಎರಡು ಕಡೆಯ ಭಯಗಳ ನಡುವೆ. ಸಹಿ ಹಾಕಿದವರು 39.

ನಾಲ್ಕನೆಯ ಸಂಜೆ ಸಂವಿಧಾನಕ್ಕೆ ಬನ್ನಿ. ಏಳು ಆರ್ಟಿಕಲ್ಲುಗಳಲ್ಲಿ ಮೊದಲ ಮೂರಕ್ಕೆ ಹೊತ್ತು ಕೊಡಿ: ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ. 1ನೇ ಆರ್ಟಿಕಲ್ಲಿನ 7ನೇ ಸೆಕ್ಷನ್ನನ್ನು ಮಾತ್ರ ಎರಡು ಸಲ ಓದಿ. ಚಿತ್ರದುರ್ಗದ ಕೋಟೆ ಹತ್ತಿದವರಿಗೆ ಗೊತ್ತು, ಒಂದು ಬಾಗಿಲು ದಾಟಿದರೆ ಎದುರಿಗೆ ನೇರ ದಾರಿ ಸಿಗುವುದಿಲ್ಲ. ತಿರುಗಿ ಇನ್ನೊಂದು ಬಾಗಿಲಿಗೆ ಹೋಗಬೇಕು. ಮಸೂದೆಯ ದಾರಿಯೂ ಹಾಗೇ. ಎರಡೂ ಸದನ ಒಪ್ಪಿದ ಮೇಲೆ ಅಧ್ಯಕ್ಷರ ಮುಂದೆ ಹೋಗುತ್ತದೆ. ಸಹಿ ಹಾಕಿದರೆ ಕಾನೂನು. ಆಕ್ಷೇಪಣೆಯೊಂದಿಗೆ ಹಿಂದಿರುಗಿಸಿದರೆ ಎರಡೂ ಸದನ ಮೂರನೇ ಎರಡು ಬಹುಮತದಿಂದ ಮತ್ತೆ ಅಂಗೀಕರಿಸಬೇಕು. ಭಾನುವಾರ ಬಿಟ್ಟು ಹತ್ತು ದಿನ ಸುಮ್ಮನಿದ್ದರೆ ಸಹಿ ಇಲ್ಲದೆಯೇ ಕಾನೂನಾಗುತ್ತದೆ. ಆ ಹತ್ತು ದಿನದೊಳಗೆ ಅಧಿವೇಶನ ಮುಗಿದು ಹಿಂದಿರುಗಿಸಲು ಆಗದಿದ್ದರೆ ಮಸೂದೆ ಸಾಯುತ್ತದೆ. ಇದೇ ಪಾಕೆಟ್ ವೀಟೋ. ನಮ್ಮ 111ನೇ ವಿಧಿಯಲ್ಲಿ ದಿನದ ಲೆಕ್ಕವಿಲ್ಲ, ಹಾಗಾಗಿಯೇ 1986ರ ಅಂಚೆ ಕಚೇರಿ ತಿದ್ದುಪಡಿ ಮಸೂದೆಯನ್ನು ರಾಷ್ಟ್ರಪತಿ ಜೈಲ್ ಸಿಂಗ್ ಸಹಿಯೂ ಹಾಕದೆ, ಹಿಂದಿರುಗಿಸದೆ ಇಟ್ಟುಕೊಳ್ಳಲು ಆಯಿತು. ಹೋಲಿಕೆಯ ಪ್ರಶ್ನೆ ಬಂದರೆ ಈ ಒಂದು ಜೋಡಿ ಗೈಡಿನ ಹತ್ತು ವಿಶೇಷಣಕ್ಕೆ ಸಮ.

4ನೇ ಆರ್ಟಿಕಲ್ಲಿನಲ್ಲಿ 3ನೇ ಸೆಕ್ಷನ್ ನಮ್ಮ ಕಡೆಯವರಿಗೆ ಬೇಗ ಹಿಡಿಸುತ್ತದೆ. 1997ರಲ್ಲಿ ಚಿತ್ರದುರ್ಗ ಮತ್ತು ಅಕ್ಕಪಕ್ಕದ ಜಿಲ್ಲೆಗಳ ತಾಲ್ಲೂಕುಗಳನ್ನು ತೆಗೆದು ದಾವಣಗೆರೆ ಜಿಲ್ಲೆ ಮಾಡಿದ್ದು ರಾಜ್ಯ ಸರ್ಕಾರ. ರಾಜ್ಯದ ಗಡಿಯನ್ನೇ ಬದಲಿಸಬೇಕಾದರೆ ನಮ್ಮ 3ನೇ ವಿಧಿಯಂತೆ ಪಾರ್ಲಿಮೆಂಟಿಗೆ ಸಾಧಾರಣ ಬಹುಮತ ಸಾಕು. ಆ ರಾಜ್ಯದ ಶಾಸಕಾಂಗದ ಅಭಿಪ್ರಾಯ ಕೇಳಬೇಕು, ಒಪ್ಪಿಗೆ ಬೇಕಿಲ್ಲ. ಅಮೆರಿಕದಲ್ಲಿ ಒಂದು ರಾಜ್ಯದೊಳಗಿಂದ ಇನ್ನೊಂದನ್ನು ತೆಗೆಯಲು ಆ ರಾಜ್ಯದ ಶಾಸನಸಭೆ ಒಪ್ಪಲೇಬೇಕು. ಒಕ್ಕೂಟ ಎಂಬ ಒಂದೇ ಪದ ಎರಡು ದೇಶದಲ್ಲಿ ಎಷ್ಟು ಬೇರೆ ಎಂದು ಇಲ್ಲಿ ತಿಳಿಯುತ್ತದೆ.

5ನೇ ಆರ್ಟಿಕಲ್ ತಿದ್ದುಪಡಿಯ ದಾರಿ. ಕಾಂಗ್ರೆಸ್ಸಿನ ಎರಡೂ ಸದನಗಳ ಮೂರನೇ ಎರಡು ಬಹುಮತದಿಂದ ಪ್ರಸ್ತಾಪ, ನಾಲ್ಕನೇ ಮೂರು ರಾಜ್ಯಗಳ ಒಪ್ಪಿಗೆ. ಈಗಿನ ಲೆಕ್ಕದಲ್ಲಿ 50ರಲ್ಲಿ 38. ಉಳಿದ ಎರಡು ಆರ್ಟಿಕಲ್ ಒಂದು ಸಲ ಓದಿದರೆ ಆಯಿತು.

ಐದನೆಯ ಸಂಜೆ ಹಕ್ಕುಗಳ ಮಸೂದೆ. 1789ರಲ್ಲಿ ಕಾಂಗ್ರೆಸ್ ಕಳಿಸಿದ್ದು 12 ತಿದ್ದುಪಡಿ, 1791ರ ಡಿಸೆಂಬರ್ 15ಕ್ಕೆ ಒಪ್ಪಿಗೆ ಪಡೆದದ್ದು 10. ಉಳಿದವುಗಳಲ್ಲಿ ಒಂದು, ಕಾಂಗ್ರೆಸ್ ಸದಸ್ಯರ ಸಂಬಳದ್ದು, 1992ರಲ್ಲಿ 27ನೆಯದಾಗಿ ಸೇರಿತು. ಓದುವಾಗ ವಾಕ್ಯದ ಕರ್ತೃ ಯಾರು ಎಂದು ನೋಡಿ. 1ನೇ ತಿದ್ದುಪಡಿ 'ಕಾಂಗ್ರೆಸ್ ಇಂಥ ಕಾನೂನು ಮಾಡಕೂಡದು' ಎಂದು ಸರ್ಕಾರದ ಕೈ ಕಟ್ಟುತ್ತದೆ. ಈ ಹತ್ತೂ ಮೊದಲಿಗೆ ರಾಜ್ಯ ಸರ್ಕಾರಗಳಿಗೆ ಅನ್ವಯಿಸುತ್ತಿರಲಿಲ್ಲ. 1868ರ 14ನೇ ತಿದ್ದುಪಡಿಯ ಮೂಲಕ ಕೋರ್ಟುಗಳು ಮೆಲ್ಲಮೆಲ್ಲನೆ ಅವುಗಳಲ್ಲಿ ಹೆಚ್ಚಿನವನ್ನು ರಾಜ್ಯಗಳ ಮೇಲೂ ಹೇರಿದವು. 5 ಮತ್ತು 14ರಲ್ಲಿ ಬರುವ 'ಡ್ಯೂ ಪ್ರೊಸೆಸ್' (ನ್ಯಾಯಸಮ್ಮತವಾದ ಕಾನೂನು ಕ್ರಮ) ಕೆಳಗೆ ಗೆರೆ ಎಳೆಯಿರಿ. ನಮ್ಮ ಸಂವಿಧಾನ ಸಭೆಯ ಸಲಹೆಗಾರ, ಮಂಗಳೂರಿನವರಾದ ಬಿ.ಎನ್. ರಾವ್ ಅಮೆರಿಕದ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಅವರನ್ನು ಕಂಡು ಬಂದ ಮೇಲೆ, 21ನೇ ವಿಧಿಯಲ್ಲಿ ಆ ಮಾತಿನ ಬದಲು 'ಕಾನೂನಿನಿಂದ ಸ್ಥಾಪಿತವಾದ ಕಾರ್ಯವಿಧಾನ' ಎಂಬುದು ಬಂತು.

ಕೊನೆಯ ಸಂಜೆಗೆ ಫೆಡರಲಿಸ್ಟ್ ಲೇಖನಗಳು. 85 ಇವೆ, 10, 51, 78 ಮೂರು ಸಾಕು. ಬಣಗಳ ಹಾವಳಿ, ಅಧಿಕಾರಕ್ಕೆ ಅಧಿಕಾರದಿಂದಲೇ ತಡೆ, ನ್ಯಾಯಾಂಗದ ಸ್ವಾತಂತ್ರ್ಯ, ಇವು ಕ್ರಮವಾಗಿ ಅವುಗಳ ವಿಷಯ. ಹ್ಯಾಮಿಲ್ಟನ್, ಮ್ಯಾಡಿಸನ್, ಜೇ ಮೂವರೂ ನ್ಯೂಯಾರ್ಕಿನ ಜನರನ್ನು ಒಪ್ಪಿಸಲು ಪತ್ರಿಕೆಗೆ ಬರೆದವು ಇವು. ಕಾನೂನಲ್ಲ, ವಾದ.

ಉತ್ತರ ಬರೆಯುವಾಗ ಪದೇಪದೇ ಕಾಣುವ ಅದಲುಬದಲು ಕೆಲವು. ಸಂವಿಧಾನವನ್ನು ಜೆಫರ್‌ಸನ್ ಬರೆದರು ಎಂದು ಬರೆಯಬೇಡಿ. ಅವರು ಬರೆದದ್ದು ಘೋಷಣೆಯ ಕರಡು, 1787ರಲ್ಲಿ ಪ್ಯಾರಿಸ್ಸಿನಲ್ಲಿದ್ದರು. 'ಜನರಿಂದ, ಜನರಿಗಾಗಿ' ಸಂವಿಧಾನದ ಮಾತಲ್ಲ, 1863ರ ಲಿಂಕನ್ ಭಾಷಣದ್ದು. ನ್ಯಾಯಾಂಗ ವಿಮರ್ಶೆ (ಸಂವಿಧಾನಕ್ಕೆ ವಿರುದ್ಧವಾದ ಕಾನೂನನ್ನು ಕೋರ್ಟು ತಳ್ಳಿಹಾಕುವುದು) ಎಂಬ ಪದ 3ನೇ ಆರ್ಟಿಕಲ್ಲಿನಲ್ಲಿ ಇಲ್ಲ. 1803ರ ಮಾರ್ಬರಿ ವಿರುದ್ಧ ಮ್ಯಾಡಿಸನ್ ತೀರ್ಪಿನಲ್ಲಿ ಅದು ಗಟ್ಟಿಯಾಯಿತು.

ಈಗ ನೋಟ್‌ಬುಕ್ ತೆಗೆದು ಬಲಗಡೆ ಇನ್ನೂ ಖಾಲಿ ಇರುವ ಸಾಲುಗಳನ್ನು ನೋಡಿ. ಘೋಷಣೆಯ ಸಮಾನತೆಯ ಸಾಲನ್ನೂ ಎಡಗಡೆ ಸೇರಿಸಿಕೊಳ್ಳಿ, ಅದರ ಎದುರು ಬರೆಯಲು 1787ರ ಪಠ್ಯದಲ್ಲಿ ಏನೂ ಸಿಗುವುದಿಲ್ಲ. ಗುಲಾಮ ಎಂಬ ಪದವನ್ನೇ ಬಳಸದೆ 'ಇತರ ವ್ಯಕ್ತಿಗಳು' ಎಂದು ಕರೆದು, ಐವರನ್ನು ಮೂವರೆಂದು ಎಣಿಸಿ, 1808ರವರೆಗೆ ಅವರನ್ನು ಹೊರಗಿನಿಂದ ತರುವುದನ್ನು ನಿಷೇಧಿಸಕೂಡದೆಂದು ಬರೆದಿಟ್ಟರು. ಅಲ್ಲಿ 13, 14, 15 ಎಂದೂ, 1865, 1868, 1870 ಎಂದೂ ಬರೆಯಿರಿ. ಹೆಂಗಸರ ಮತಕ್ಕೆ 19, 1920. ಕಟ್ಟಕಡೆಯ ದೂರಿನಲ್ಲಿ ಆ ನೆಲದ ಮೂಲನಿವಾಸಿಗಳನ್ನು ದಯೆಯಿಲ್ಲದ ಕಾಡುಜನರೆಂದು ಕರೆದಿದ್ದಾರೆ. ಅದರ ಎದುರು ಯಾವ ಆರ್ಟಿಕಲ್ಲೂ, ಯಾವ ತಿದ್ದುಪಡಿಯೂ ಬರುವುದಿಲ್ಲ. 1924 ಎಂದಷ್ಟೇ ಬರೆಯಿರಿ: ಅಲ್ಲಿ ಹುಟ್ಟಿದ ಮೂಲನಿವಾಸಿಗಳೆಲ್ಲರಿಗೂ ಕಾಂಗ್ರೆಸ್ಸಿನ ಒಂದು ಕಾಯ್ದೆಯಿಂದ ಪೌರತ್ವ ಸಿಕ್ಕ ವರ್ಷ.