ಹಗಲೊತ್ತು ಮನ್ಯಾಗ ಯಾರಿರ್ತಾರ್ರಿ?

ಮಾನ್ವಿ ಕಡೆಯ ಒಬ್ಬ ಅಜ್ಜ ಡಿಸ್ಚಾರ್ಜ್ ಆಗಿ ಹೋದ ಹನ್ನೆರಡನೇ ದಿನ ಮತ್ತೆ ನಮ್ಮ ವಾರ್ಡಿಗೆ ಬಂದರು. ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದಿದ್ದವು. ನುಂಗಲು ಆಗದ ಕಾರಣ ಊಟ ಹಾಕಲು ಮೂಗಿನಿಂದ ಹೊಟ್ಟೆಗೆ ಇಳಿಸಿದ ರೈಲ್ಸ್ ಟ್ಯೂಬ್ ಇತ್ತು. ಹೋಗುವಾಗ ಚೆನ್ನಾಗಿಯೇ ಹೋಗಿದ್ದರು. ಬರುವಾಗ ಎದೆಯಲ್ಲಿ ಗೊರಗೊರ ಕಫ, ಮೈ ಸುಡುವ ಜ್ವರ, ಸೊಂಟದ ಕೆಳಗೆ ಅಂಗೈ ಅಗಲದ ಹುಣ್ಣು.

ನನಗೆ ಮೊದಲು ಬಂದದ್ದು ಸಿಟ್ಟು. ಅಷ್ಟೆಲ್ಲ ಹೇಳಿ ಕಳಿಸಿದ್ದೆನಲ್ಲ! ಮಗನನ್ನು ಹುಡುಕಿದೆ. ಮಗ ಇರಲಿಲ್ಲ, ಅಜ್ಜಿ ಇದ್ದರು. "ಅವ ಬೆಂಗ್ಳೂರಿಗೆ ದುಡಿಯಾಕ ಹ್ವಾದ್ರಿ ಅಕ್ಕಾರ. ನಾಕ್ ದಿನ ಇದ್ದ, ಅಷ್ಟ. ನನಗ ಯಾರೂ ಏನೂ ತೋರ್ಸಿಲ್ರಿ."

ನಿಜ. ಮೊದಲ ಸಲ ಸೇರಿಸಿದ್ದಾಗ ಅಷ್ಟೂ ದಿನ ಆಕೆ ವಾರ್ಡಿನ ಹೊರಗೆ, ವರಾಂಡದಲ್ಲಿ ಬುತ್ತಿ ಗಂಟು ಪಕ್ಕಕ್ಕಿಟ್ಟುಕೊಂಡು ಕೂತಿದ್ದರು. ನಾನು ದಿನಾ ಅವರನ್ನು ದಾಟಿಕೊಂಡೇ ಓಡಾಡಿದ್ದೆ. ಮಗನಿಗೆ ಓದು ಬರುತ್ತಿತ್ತು, ಪ್ರಶ್ನೆ ಕೇಳುತ್ತಿದ್ದ, ಅವನಿಗೆ ಹೇಳುವುದು ಸುಲಭ. ಅವನು ಗುಳೆ ಹೋದ ಮೇಲೆ ಟ್ಯೂಬಿನಲ್ಲಿ ಗಂಜಿ ಹಾಕಿದ್ದು ಅಜ್ಜಿ, ಅದೂ ಗಂಡನನ್ನು ಅಂಗಾತ ಮಲಗಿಸಿಕೊಂಡೇ. ಗಂಜಿ ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದಿತ್ತು. ಅಜ್ಜಿಯ ತಪ್ಪು ಏನಿದೆ ಇದರಲ್ಲಿ? ನಾನೇ ಬೇರೆಯವರಿಗೆ ಪಾಠ ಮಾಡಿದ್ದೆ.

ನಾನು ರಾಯಚೂರಿನ ಒಂದು ಆಸ್ಪತ್ರೆಯ ಮೆಡಿಸಿನ್ ವಾರ್ಡಿನಲ್ಲಿ ಸ್ಟಾಫ್ ನರ್ಸ್. ಆವತ್ತಿನಿಂದ ಒಂದು ಅಭ್ಯಾಸ ಮಾಡಿಕೊಂಡೆ. ರೋಗಿ ಸ್ವಲ್ಪ ಸುಧಾರಿಸಿದ ಎರಡನೇ, ಮೂರನೇ ದಿನವೇ ಮನೆಯವರನ್ನು ಕೂರಿಸಿಕೊಂಡು ಕೇಳುತ್ತೇನೆ: "ಹಗಲೊತ್ತು ಮನ್ಯಾಗ ಯಾರಿರ್ತಾರ್ರಿ?" ಎಲ್ಲರ ಮೊದಲ ಉತ್ತರ ಒಂದೇ, "ಎಲ್ಲಾರೂ ಇರ್ತೀವ್ರಿ." ಅದನ್ನು ನಂಬಬಾರದು. ಮುಂದಿನ ವಾರ ಯಾರು ದುಡಿಯಾಕ ಹೋಗ್ತೀರಿ? ಹತ್ತಿ ಬಿಡಿಸೋಕೆ ಯಾರು, ನೆಲ್ಲು ನಾಟಿಗೆ ಯಾರು? ಹೀಗೆ ಒಂದೊಂದೇ ಕೇಳುತ್ತಾ ಹೋದರೆ ಕೊನೆಗೆ ಮನೆಯಲ್ಲಿ ಉಳಿಯುವುದು ಒಬ್ಬ ಮುದುಕಿ, ಇಲ್ಲವೇ ಶಾಲೆ ಬಿಟ್ಟು ಬರುವ ಒಂದು ಹುಡುಗಿ. ನನ್ನ ವಿದ್ಯಾರ್ಥಿ ಅವರೇ.

ಈಚೆಗೆ ದೇವದುರ್ಗ ಕಡೆಯ ಒಬ್ಬರು ಬಂದಿದ್ದರು. ಅರವತ್ತರ ಆಸುಪಾಸು. ಎಡಭಾಗ ಬಿದ್ದಿತ್ತು, ಮಾತು ಮಾತ್ರ ಗಟ್ಟಿಯಾಗಿತ್ತು. ಇವರಿಗೂ ಟ್ಯೂಬ್, ಜೊತೆಗೆ ಯೂರಿನ್ ಬ್ಯಾಗ್. ಹತ್ತಿ ಬಿಡಿಸುವ ಕಾಲ. ಮಗ, ಸೊಸೆ ಇಬ್ಬರೂ ಬೆಳಿಗ್ಗೆ ಹೋದರೆ ಬರುವುದು ಸಂಜೆ. ಮನೆಯಲ್ಲಿ ಹೆಂಡತಿ, ಏಳನೇ ಕ್ಲಾಸಿನ ಮೊಮ್ಮಗಳು.

ಮೊದಲು ಸೊಸೆಯ ಫೋನಿಗೆ ಮನೆಯ ಫೋಟೊ ತರಿಸಿದೆ. ಇದು ನಾನು ಕಲಿತ ಒಳ್ಳೆಯ ಉಪಾಯ. ಬಾಯಲ್ಲಿ ಕೇಳಿದರೆ "ಮನಿ ಚೊಲೋ ಐತ್ರಿ" ಅಂತಾರೆ, ಫೋಟೊ ಬೇರೆಯೇ ಹೇಳುತ್ತದೆ. ಮೊಣಕಾಲೆತ್ತರದ ಹೊಸ್ತಿಲು. ಬಚ್ಚಲು ಅಂಗಳದಾಚೆ. ಮಲಗಲು ಹೊರಸು. ಹಗ್ಗದ ಹೊರಸು ನಡುವೆ ಜೋತು ಬೀಳುತ್ತದೆ. ಕೈಕಾಲು ಆಡದವರನ್ನು ಅದರಲ್ಲಿ ಮಲಗಿಸಿದರೆ ಮೈಭಾರವೆಲ್ಲ ಸೊಂಟದ ಮೇಲೆ, ಹೊರಳಿಸೋಕೂ ಬರಲ್ಲ. ಪಕ್ಕದ ಮನೆಯಲ್ಲಿ ಮರದ ಮಂಚ ಇತ್ತಂತೆ. ಅದನ್ನು ಕೇಳಿ ತಂದು, ತಲೆಯ ಕಡೆಯ ಎರಡು ಕಾಲಿಗೂ ಇಟ್ಟಿಗೆ ಕೊಡಿ ಅಂದೆ. ಊಟ ಹಾಕುವಾಗ ಬೆನ್ನಿಗೆ ದಿಂಬು ಸೇರಿಸಿ ಇನ್ನೂ ಎತ್ತರ ಮಾಡಬೇಕು, ಹಾಕಿದ ಮೇಲೂ ಮುಕ್ಕಾಲು ತಾಸು ಹಾಗೇ ಇರಬೇಕು. ಗಾಳಿ ಹಾಸಿಗೆ ತರ್ತೀವಿ ಅಂತ ಮಗ ಅಂದ. ತನ್ನಿ, ಆದರೆ ಕರೆಂಟ್ ಹೋದರೆ ಅದು ಸುಮ್ನೆ ಪ್ಲಾಸ್ಟಿಕ್ ಚಾಪೆ, ಹೊರಳಿಸೋದು ತಪ್ಪಲ್ಲ ಅಂತ ಹೇಳಿದೆ.

ಹೆಂಡತಿಯನ್ನು ಕರೆದು ಟ್ಯೂಬ್ ತೋರಿಸಿದಾಗ ಅವರ ಕೈ ನಡುಗುತ್ತಿತ್ತು. ಮೊದಲ ದಿನ ಬರೀ ನೋಡಲು ಬಿಟ್ಟೆ. ಎರಡನೇ ದಿನ ಅವರೇ ಹಿಡಿದರು, ನಾನು ಪಕ್ಕದಲ್ಲಿ. ಮೂಗಿನ ಹತ್ತಿರ ಟ್ಯೂಬಿನ ಮೇಲೆ ಪೆನ್ನಿನ ಗುರುತು ಇರುತ್ತದೆ. ಅದು ಇದ್ದಲ್ಲೇ ಇದೆಯಾ ಅಂತ ಮೊದಲು ನೋಡಬೇಕು. ಹೊರಗೆ ಜಾರಿದ್ದರೆ ಏನೂ ಹಾಕಬಾರದು, ಒಳಗೆ ತಳ್ಳಲೂ ಬಾರದು, ಆಸ್ಪತ್ರೆಗೆ ಬರಬೇಕು. ಸಿರಿಂಜಿನ ಒಳಗಿನ ದಂಡ ತೆಗೆದು, ಸೋಸಿದ ಜೋಳದ ಗಂಜಿ ಅಥವಾ ಬೇಳೆ ಕಟ್ಟನ್ನು ತಾನಾಗಿ ಇಳಿಯಲು ಬಿಡಬೇಕು. ಒತ್ತಿ ತಳ್ಳಬಾರದು. ಒಂದು ಸಲಕ್ಕೆ 200 ಎಂಎಲ್, ಕೊನೆಗೆ ಸ್ವಲ್ಪ ನೀರು. ನಡುವೆ ಕೆಮ್ಮಿದರೆ ತಕ್ಷಣ ನಿಲ್ಲಿಸಬೇಕು. ಆ ಅಮ್ಮನಿಗೆ ಎಂಎಲ್ ಓದಲು ಬರುವುದಿಲ್ಲ. ಅವರದೇ ಮನೆಯ ಸ್ಟೀಲ್ ಲೋಟ ತರಿಸಿ, ಅಳೆದು ನೋಡಿ, 200ರ ಗೆರೆಗೆ ಕೆಂಪು ನೇಲ್ ಪಾಲಿಶ್ ಹಚ್ಚಿಕೊಟ್ಟೆ. ಮಾತ್ರೆ ಪುಡಿ ಮಾಡಿ ಹಾಕುವಾಗಲೂ ಒಂದು ಎಚ್ಚರ ಬೇಕು. ನಿಧಾನವಾಗಿ ಕರಗುವ ಮಾತ್ರೆಗಳನ್ನು ಪುಡಿ ಮಾಡಬಾರದು. ಅಂಥವು ಇದ್ದರೆ ಡಾಕ್ಟರಿಗೆ ಹೇಳಿ ಮೊದಲೇ ಬದಲಿಸಿಕೊಳ್ಳುತ್ತೇನೆ.

"ತಿಳೀತಾ?" ಅಂತ ನಾನೀಗ ಯಾರನ್ನೂ ಕೇಳುವುದಿಲ್ಲ. ಎಲ್ಲರೂ "ಹ್ಞೂಂರಿ" ಅಂತಾರೆ. "ನೀವ್ ಮಾಡಿ ತೋರಿಸ್ರಿ, ನಾ ನೋಡ್ತೀನಿ" ಅನ್ನುತ್ತೇನೆ. ಯೂರಿನ್ ಬ್ಯಾಗಿನ ವಿಷಯ ಹಾಗೇ ಗೊತ್ತಾಯಿತು. ಸೊಸೆ ಮಾವನನ್ನು ಹೊರಳಿಸುವಾಗ ಬ್ಯಾಗನ್ನು ಎತ್ತಿ ಹಾಸಿಗೆ ಮೇಲಿಟ್ಟಳು. ಮೂತ್ರ ಹಿಂದಕ್ಕೆ ಹರಿದು ಸೋಂಕು ಆಗುವುದೇ ಹಾಗೆ. ಬ್ಯಾಗ್ ಯಾವಾಗಲೂ ಸೊಂಟಕ್ಕಿಂತ ಕೆಳಗಿರಬೇಕು, ನೆಲಕ್ಕೆ ಮಾತ್ರ ತಾಗಬಾರದು. ನಾನು ಬಾಯಲ್ಲಿ ಇದನ್ನು ಎರಡು ಸಲ ಹೇಳಿಯಾಗಿತ್ತು!

ಹೊರಳಿಸುವುದು ಎರಡು ತಾಸಿಗೊಮ್ಮೆ. ಬಲಕ್ಕೆ, ಅಂಗಾತ, ಎಡಕ್ಕೆ. ಮೀನಖಂಡದ ಕೆಳಗೆ ದಿಂಬಿಟ್ಟರೆ ಹಿಮ್ಮಡಿ ಹಾಸಿಗೆಗೆ ತಾಗದೆ ಇರುತ್ತದೆ. ಸೊಂಟದ ಮೂಳೆ, ತೊಡೆಯ ಪಕ್ಕ, ಹಿಮ್ಮಡಿ ದಿನಾ ಮುಟ್ಟಿ ನೋಡಬೇಕು. ಪುಸ್ತಕದಲ್ಲಿ "ಕೆಂಪಾಗುತ್ತದೆ" ಅಂತ ಇರುತ್ತದೆ, ಆದರೆ ನಮ್ಮ ಬಿಸಿಲಲ್ಲಿ ದುಡಿದ ಕಪ್ಪು ಮೈಯಲ್ಲಿ ಕೆಂಪು ಎಲ್ಲಿ ಕಾಣುತ್ತದೆ? ಆ ಜಾಗ ಬಿಸಿಯಾಗಿದೆಯಾ, ಗಟ್ಟಿಯಾಗಿದೆಯಾ ಅಂತ ಕೈಯಲ್ಲೇ ನೋಡಲು ಹೇಳುತ್ತೇನೆ. ರಾತ್ರಿಯೂ ಎರಡು ತಾಸಿಗೊಮ್ಮೆ ಏಳಬೇಕು ಅಂತ ಹೊಲದಲ್ಲಿ ದುಡಿದು ಬಂದ ಹೆಣ್ಣುಮಗಳಿಗೆ ಹೇಳಲು ನನಗೆ ಬಾಯಿ ಬರುವುದಿಲ್ಲ. ಮೂರು ದಿನ ಮಾಡಿ ನಾಲ್ಕನೇ ದಿನ ಪೂರ್ತಿ ಬಿಟ್ಟುಬಿಡುತ್ತಾರೆ. ದಪ್ಪ ಹಾಸಿಗೆ ಇದ್ದು, ಚರ್ಮ ಚೆನ್ನಾಗಿದ್ದರೆ ಡಾಕ್ಟರನ್ನು ಕೇಳಿ ರಾತ್ರಿಯ ಹೊತ್ತು ನಾಲ್ಕು ತಾಸಿಗೆ ಇಳಿಸುತ್ತೇನೆ.

ಇನ್ನು ಔಷಧಿ. ಮನೆಯಲ್ಲಿರುವ ಹಳೆಯ ಮಾತ್ರೆಗಳನ್ನೆಲ್ಲ ಕ್ಯಾರಿಬ್ಯಾಗ್ ಸಮೇತ ತರಿಸುತ್ತೇನೆ. ಇವರ ಚೀಲದಲ್ಲಿ ಒಂದೇ ಬಿಪಿ ಮಾತ್ರೆ ಎರಡು ಕಂಪನಿ ಹೆಸರಲ್ಲಿ ಇತ್ತು. ನಾವು ಬರೆದದ್ದೂ ಅದೇ, ಹೆಸರು ಮೂರನೆಯದು. ನೋಡದೆ ಕಳಿಸಿದ್ದರೆ ಮೂರನ್ನೂ ಹಾಕುತ್ತಿದ್ದರು. ಬೇಡದ್ದನ್ನು ಅಲ್ಲೇ ತೆಗೆದೆ. ಉಳಿದದ್ದನ್ನು ಕವರಿಗೆ ಹಾಕಿ, ಬೆಳಗಿನದಕ್ಕೆ ಸೂರ್ಯ, ರಾತ್ರಿಯದಕ್ಕೆ ಚಂದ್ರನ ಚಿತ್ರ ಬರೆದೆ. OD (ದಿನಕ್ಕೊಮ್ಮೆ), BD (ದಿನಕ್ಕೆರಡು ಸಲ) ಅಂತ ಇಂಗ್ಲಿಷಿನಲ್ಲಿ ಬರೆದ ಡಿಸ್ಚಾರ್ಜ್ ಕಾರ್ಡು ಮುಂದಿನ ಡಾಕ್ಟರಿಗೆ ಬೇಕು, ಮನೆಯವರಿಗೆ ಈ ಕವರೇ ಕಾರ್ಡು.

ಶುಗರ್ ಇರುವವರ ಮನೆಗೆ ಇನ್ಸುಲಿನ್ ಹೋಗುವಾಗ ನನಗೆ ಭಯ ಜಾಸ್ತಿ. ಬಾಟಲಿಯ ಮೇಲೆ 40 (ಅಂದರೆ ಒಂದು ಎಂಎಲ್‌ನಲ್ಲಿ 40 ಯೂನಿಟ್) ಅಂತ ಇದ್ದರೆ ಕೆಂಪು ಟೋಪಿಯ ಸಿರಿಂಜು, 100 ಅಂತ ಇದ್ದರೆ ಕಿತ್ತಳೆ ಟೋಪಿಯದು. 40ರ ಬಾಟಲಿಗೆ 100ರ ಸಿರಿಂಜು ಕೊಟ್ಟರೆ 20 ಯೂನಿಟ್ ಅಂತ ಎಳೆದದ್ದು ನಿಜಕ್ಕೂ 8 ಯೂನಿಟ್. ಉಲ್ಟಾ ಆದರೆ ಎರಡೂವರೆ ಪಟ್ಟು ಒಳಗೆ ಹೋಗುತ್ತದೆ, ಜೀವಕ್ಕೇ ಕುತ್ತು. ಅದಕ್ಕೆ ಖಾಲಿ ಸಿರಿಂಜು ಒಂದನ್ನು ಕೊಟ್ಟು, "ಅಂಗಡ್ಯಾಗ ಇದನ್ನ ತೋರಿಸಿ ಇಂಥಾದ್ದ ಕೇಳ್ರಿ" ಅನ್ನುತ್ತೇನೆ. ರಾಯಚೂರಿನ ಬೇಸಿಗೆ 40 ಡಿಗ್ರಿ ದಾಟುತ್ತದೆ, ಫ್ರಿಜ್ ಎಲ್ಲರ ಮನೆಯಲ್ಲಿ ಇರಲ್ಲ. ಬಾಟಲಿಯನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ, ಚಿಕ್ಕ ಮಡಕೆಯಲ್ಲಿಟ್ಟು, ಆ ಮಡಕೆಯನ್ನು ಒದ್ದೆ ಉಸುಕು ತುಂಬಿದ ದೊಡ್ಡ ಮಡಕೆಯೊಳಗೆ ನೆರಳಲ್ಲಿ ಇಟ್ಟರೆ ತಂಪಾಗಿರುತ್ತದೆ.

ಲಕ್ವಕ್ಕೆ ನಾಟಿ ಔಷಧಿ, ಪಾರಿವಾಳದ ರಕ್ತ ಹಚ್ಚುವುದು, ಇವೆಲ್ಲ ನಡೆಯುತ್ತವೆ. ಮೊದಲು ಬೈಯುತ್ತಿದ್ದೆ. ಬೈದರೆ ನಮಗೆ ಹೇಳದೆ ಹೋಗುತ್ತಾರೆ ಅಷ್ಟೇ. ಈಗ ಎರಡೇ ಮಾತು: ಟ್ಯೂಬ್ ಇರುವವರ ಬಾಯಿಗೆ ಏನೂ ಹಾಕಬೇಡಿ, ನಮ್ಮ ಮಾತ್ರೆ ನಿಲ್ಲಿಸಬೇಡಿ.

ಹೋಗುವ ದಿನವನ್ನೂ ನೋಡಿಕೊಳ್ಳಬೇಕು. ಅಮಾವಾಸ್ಯೆ ದಿನ ರೋಗಿಯನ್ನು ಮನೆಗೆ ಒಯ್ಯಲು ಬಹಳ ಜನ ಒಪ್ಪುವುದಿಲ್ಲ. ಅದಕ್ಕೆ ವಾರ್ಡಿನ ಕ್ಯಾಲೆಂಡರ್ ನೋಡಿಯೇ ಡಾಕ್ಟರಿಗೆ ಹೇಳುತ್ತೇನೆ. ರೌಂಡ್ಸು, ಆಯುಷ್ಮಾನ್ ಕಾರ್ಡಿನ ಕಾಗದ, ಔಷಧಿ ಅಂತ ಸಂಜೆ ಆಗಿಬಿಟ್ಟರೆ, ಹೊಸ ಟ್ಯೂಬಿನ ರೋಗಿ ಕತ್ತಲಲ್ಲಿ ಮನೆ ಮುಟ್ಟುತ್ತಾರೆ, ಆವತ್ತಿನ ಊಟ ತಪ್ಪುತ್ತದೆ. ಹಿಂದಿನ ದಿನವೇ ಕಾಗದ ಮುಗಿಸಿ ಮುಂಜಾನೆ ಕಳಿಸುವುದು ನನ್ನ ಹಟ. 108 ಬರುವುದು ತುರ್ತಿಗೆ, ಮನೆಗೆ ಬಿಡಲು ಅಲ್ಲ. ಇವರು ಊರಿನವರ ಕ್ರೂಸರ್ ತರಿಸಿದ್ದರು, ಹಿಂದಿನ ಸೀಟಿನಲ್ಲಿ ಮಲಗಿಸಿದೆವು. ಹೊರಡುವ ಮೊದಲು ಆ ಊರಿನ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿ, ಟ್ಯೂಬ್ ಇದೆ, ಬ್ಯಾಗ್ ಇದೆ ಅಂತ ತಿಳಿಸಿದೆ. ಸೊಸೆಯ ಫೋನಿನಲ್ಲಿ, ಅವಳ ಅತ್ತೆ ಗಂಜಿ ಹಾಕುವ ವಿಡಿಯೊ ಮಾಡಿಸಿದ್ದೆ. ಮರೆತರೆ ನೋಡಲು ಮೊಮ್ಮಗಳು ಇದ್ದಾಳೆ.

ಮೂರನೇ ದಿನ ಫೋನ್ ಮಾಡಿದೆ. ಮೊದಲ ವಾರವೇ ಎಡವುವ ವಾರ, ಈ ಫೋನನ್ನು ನಾನು ತಪ್ಪಿಸುವುದಿಲ್ಲ. "ಹೆಂಗಿದ್ದಾರ?" ಅಂತ ಕೇಳಲ್ಲ, "ಅರಾಮ್ ಅದಾರ್ರಿ" ಅಂತ ಬಿಡುತ್ತಾರೆ. ಮುಂಜಾನಿಂದ ಎಷ್ಟು ಲೋಟ ಹೋಯಿತು, ಮೂತ್ರದ ಬಣ್ಣ ಏನು, ಹಿಮ್ಮಡಿ ಮುಟ್ಟಿ ನೋಡಿದ್ರಾ ಅಂತ ಕೇಳುತ್ತೇನೆ.

ತೋರಿಸಲು ಬಂದದ್ದು ಮೂರು ವಾರದ ಮೇಲೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಬಸ್ ಚಾರ್ಜ್ ಇಲ್ಲ. ಔಷಧಿಗೆ, ಕೇಳುವುದಕ್ಕೆ ಸೊಸೆ ನಡುವೆ ಒಮ್ಮೆ ಒಬ್ಬಳೇ ಬಂದು ಹೋಗಿದ್ದಳು. ಈ ಸಲ ರೋಗಿ, ಅವರ ಹೆಂಡತಿ ಇಬ್ಬರೂ ಬಂದಿದ್ದರು. ರೋಗಿಯನ್ನು ಹೊರಳಿಸಿ ಬೆನ್ನು ನೋಡಿದೆ. ಚರ್ಮ ಶುದ್ಧವಾಗಿತ್ತು.

"ಎರಡು ತಾಸಿಗೆ ಸರಿಯಾಗಿ ಹೊಳ್ಳಿಸಿದ್ರೇನಮ್ಮಾ?"

"ನನಗ ಗಡಿಯಾರ ತಿಳಿಯಂಗಿಲ್ರಿ ಅಕ್ಕಾರ. ಮುಂಜಾನಿ ಬಸ್ ಬಂದಾಗ ಒಮ್ಮೆ, ಸಾಲಿ ಗಂಟಿ ಹೊಡದಾಗ ಒಮ್ಮೆ, ಮಸೂತ್ಯಾಗ ಕೂಗಿದಾಗ ಒಮ್ಮೆ. ಹಿಂಗ ಮಾಡ್ತೀನ್ರಿ."

"ಬಸ್ ಬರದಿದ್ರ?"

ಅಮ್ಮ ಗಂಡನ ಕಡೆ ನೋಡಿ ನಕ್ಕರು. "ಆವಾಗ ಈ ಮುದುಕನ ಒದರ್ತಾನ್ರಿ."